ಕೆಳಗೆ ಆಫೀಸು, ಮೇಲೆ ಮನೆ, ಎರಡಕ್ಕೂ ಒಂದೇ ಪ್ರಿಂಟರ್

ನಮ್ಮದು ಶಿವಮೊಗ್ಗ. ಮನೆಯವರು ವಕೀಲರು. ಕೆಳಗೆ ಅವರ ಆಫೀಸು, ಮೇಲೆ ನಮ್ಮ ಮನೆ. ಆಫೀಸಿನಲ್ಲಿ ಗುಮಾಸ್ತರ ಹತ್ತಿರ ಒಂದು ಡೆಸ್ಕ್‌ಟಾಪ್ ಇದೆ, ಜೂನಿಯರ್‌ಗಳು ಅವರವರ ಲ್ಯಾಪ್‌ಟಾಪ್ ತರುತ್ತಾರೆ. ಮೇಲೆ ನನ್ನದೊಂದು ಲ್ಯಾಪ್‌ಟಾಪ್. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಟೆಸ್ಟ್ ಬಂತೆಂದರೆ ಪ್ರಶ್ನೆಪತ್ರಿಕೆ ಪ್ರಿಂಟ್ ಆಗಬೇಕು. ಮಗಳ ಶಾಲೆಯ ಗ್ರೂಪಿಗೆ ವರ್ಕ್‌ಶೀಟ್ ಬಂದು ಬೀಳುವುದು ರಾತ್ರಿ ಒಂಬತ್ತರ ಮೇಲೆಯೇ. ಇಷ್ಟೂ ಜನಕ್ಕೆ ಒಂದೇ ಪ್ರಿಂಟರ್ ಸಾಕು, ಆದರೆ ಎಲ್ಲಿ ಕೂತರೂ ಸಿಗಬೇಕು. ಅದನ್ನು ಹೇಗೆ ಮಾಡಿಕೊಂಡೆವು ಅಂತ ಹೇಳುತ್ತೇನೆ.

ಮೊದಲಿದ್ದದ್ದು ಯುಎಸ್‌ಬಿ ಪ್ರಿಂಟರ್. ಗುಮಾಸ್ತರ ಕಂಪ್ಯೂಟರಿಗೆ ಸಿಕ್ಕಿಸಿ, ವಿಂಡೋಸ್‌ನಲ್ಲಿ ‘ಶೇರ್’ ಮಾಡಿದ್ದೆವು. ಈ ಪದ್ಧತಿ ಈಗಲೂ ಎಷ್ಟೋ ಆಫೀಸುಗಳಲ್ಲಿ ಇದೆ. ತೊಂದರೆ ಏನೆಂದರೆ ಆ ಒಂದು ಕಂಪ್ಯೂಟರ್ ಯಾವಾಗಲೂ ಆನ್ ಇರಬೇಕು. ಗುಮಾಸ್ತರು ಆರು ಗಂಟೆಗೆ ಶಟ್‌ಡೌನ್ ಮಾಡಿ ಹೊರಟರೆ ಮೇಲಿನ ಮನೆಗೆ ಪ್ರಿಂಟರ್ ಇಲ್ಲ. ಅದೂ ಅಲ್ಲದೆ 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಅನ್ನುವ ಭದ್ರತಾ ಲೋಪ ಬಯಲಾದ ಮೇಲೆ ವಿಂಡೋಸ್‌ನಲ್ಲಿ ಈ ಥರದ ಹಂಚಿಕೆಯ ನಿಯಮಗಳು ಬಿಗಿಯಾದವು. ಹೊಸದಾಗಿ ಮಾಡುವವರು ಈ ದಾರಿ ಹಿಡಿಯದೇ ಇರುವುದೇ ಒಳ್ಳೆಯದು. ಪ್ರಿಂಟರ್ ಯಾವ ಕಂಪ್ಯೂಟರಿನ ಹಂಗೂ ಇಲ್ಲದೆ ತಾನೇ ನೆಟ್‌ವರ್ಕಿನಲ್ಲಿ ಕೂರಬೇಕು.

ಹೊಸದು ಕೊಳ್ಳುವಾಗ ಎಲ್ಲರೂ ಹೇಳಿದ್ದು ಇಂಕ್ ಟ್ಯಾಂಕ್ ತಗೊಳ್ಳಿ, ಪುಟಕ್ಕೆ ಪೈಸೆಗಳಲ್ಲಿ ಮುಗಿಯುತ್ತದೆ ಅಂತ. ಮಾತು ಸುಳ್ಳಲ್ಲ. ಆದರೆ ಕೋರ್ಟಿಗೆ ಬೇಸಿಗೆ ರಜೆ ಬಂದಾಗ ನಮ್ಮ ಆಫೀಸೂ ತಣ್ಣಗಾಗುತ್ತದೆ. ಅಷ್ಟು ದಿನ ಸುಮ್ನೆ ಕೂತರೆ ಇಂಕ್ ಪ್ರಿಂಟರಿನ ಹೆಡ್ ಒಣಗುತ್ತದೆ, ಕ್ಲೀನ್ ಮಾಡಲು ಹೋದರೆ ಅರ್ಧ ಇಂಕ್ ಅದಕ್ಕೇ ಖರ್ಚು. ಸಾಲದ್ದಕ್ಕೆ ಇದು ಮಲೆನಾಡಿನ ಬಾಗಿಲು. ಜುಲೈ ತಿಂಗಳಲ್ಲಿ ಒದ್ದೆ ಕೈಯಲ್ಲಿ ಹಿಡಿದ ಕಾಗದದ ಮೇಲೆ ಬಣ್ಣದ ಇಂಕ್ ಹರಡುತ್ತದೆ. ಕೇಸಿನ ಕಾಗದ ಹಾಗಾದರೆ ಆಗುವುದಿಲ್ಲ. ಲೇಸರ್‌ನಲ್ಲಿ ಟೋನರ್ ಅನ್ನುವ ಪುಡಿ ಕಾಗದಕ್ಕೆ ಕರಗಿ ಅಂಟಿರುತ್ತದೆ, ನೀರು ತಾಗಿದರೂ ಅಕ್ಷರ ಹೋಗಲ್ಲ. ಹಾಗಾಗಿ ಕಪ್ಪು-ಬಿಳುಪಿನ ಲೇಸರ್, ಜೊತೆಗೆ ಸ್ಕ್ಯಾನರ್, ಎರಡೂ ಬದಿ ತಾನೇ ಪ್ರಿಂಟ್ ಮಾಡುವ ಡ್ಯೂಪ್ಲೆಕ್ಸ್, ವೈಫೈ ಇರುವುದನ್ನು ತಂದೆವು. ಮಕ್ಕಳ ಪ್ರಾಜೆಕ್ಟಿಗೆ ಬಣ್ಣ ಬೇಕಾದರೆ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ ಇದ್ದೇ ಇದೆ.

ಲೇಸರ್ ತಗೊಂಡವರು ಕರೆಂಟಿನ ವಿಷಯ ನೆನಪಿಡಬೇಕು. ಟೋನರ್ ಕರಗಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಬಿಸಿಯಾಗುತ್ತದೆ, ಆ ಹೊತ್ತಿನಲ್ಲಿ ಪ್ರಿಂಟರ್ ಕೆಲವು ನೂರು ವಾಟ್ ಒಮ್ಮೆಲೇ ಎಳೆಯುತ್ತದೆ. ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಅದನ್ನು ಸಿಕ್ಕಿಸಿದರೆ ಯುಪಿಎಸ್ ಕುಂಯ್ ಅಂತ ಕೂಗಿ ಕೂತುಬಿಡುತ್ತದೆ, ಜೊತೆಗೆ ಕಂಪ್ಯೂಟರೂ ಆಫ್. ನಾವು ಪ್ರಿಂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಕೊಟ್ಟಿದ್ದೇವೆ. ರೂಟರಿಗೆ ಮಾತ್ರ 12 ವೋಲ್ಟಿನ ಪುಟ್ಟ ಯುಪಿಎಸ್.

ಇನ್ನು ವೈಫೈ. ಪ್ರಿಂಟರನ್ನು ರೂಟರಿಗೆ ಲ್ಯಾನ್ ಕೇಬಲ್ಲಿನಲ್ಲಿ ಜೋಡಿಸುವ ಅವಕಾಶ ಇದ್ದರೆ ಹಾಗೇ ಮಾಡಿ. ಮೊಬೈಲು, ಲ್ಯಾಪ್‌ಟಾಪುಗಳಿಗೆ ಆಗಲೂ ಅದು ವೈರ್‌ಲೆಸ್ಸೇ, ಪ್ರಿಂಟರಿನ ಕಡೆಯ ಒಂದು ತಲೆನೋವು ಕಮ್ಮಿ. ನಮ್ಮ ಪ್ರಿಂಟರ್ ಇರುವ ಮೂಲೆಗೆ ಕೇಬಲ್ ಎಳೆಯಲು ಆಗುತ್ತಿರಲಿಲ್ಲ, ಹಾಗಾಗಿ ವೈಫೈ.

ಮನೆಬಳಕೆಯ ಎಷ್ಟೋ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದ್ದರೆ ಪ್ರಿಂಟರಿಗೆ 2.4ರ ಹೆಸರು ಕೊಡಬೇಕು. ಹೇಗೂ ಆರ್‌ಸಿಸಿ ಸ್ಲ್ಯಾಬ್ ದಾಟಿ ಬರುವುದರಲ್ಲಿ 2.4 ವಾಸಿ. ಮೊಬೈಲು 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೂ ರೂಟರ್ ಒಂದೇ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ರೂಟರಿನಲ್ಲಿ ಭದ್ರತೆಯನ್ನು ಬರೀ ಡಬ್ಲ್ಯೂಪಿಎ3 ಅನ್ನುವ ಹೊಸ ಪದ್ಧತಿಗೆ ಇಟ್ಟಿದ್ದರೆ ಹಳೆ ಪ್ರಿಂಟರುಗಳು ಸೇರುವುದಿಲ್ಲ, ಹಿಂದಿನ ಡಬ್ಲ್ಯೂಪಿಎ2ಗೂ ಅವಕಾಶ ಕೊಡಬೇಕು. ಪಾಸ್‌ವರ್ಡನ್ನು ಆ ಪುಟ್ಟ ಸ್ಕ್ರೀನಿನಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಬರೆಯುವ ಗೋಳು ಬೇಡ ಅನ್ನುವವರು ಡಬ್ಲ್ಯೂಪಿಎಸ್ ಗುಂಡಿ ಬಳಸಬಹುದು. ರೂಟರಿನದ್ದು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನದ್ದೂ ಒತ್ತಿದರೆ ಆಯಿತು.

ಇಲ್ಲಿಯವರೆಗಿನದು ಡಬ್ಬದ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ಆಮೇಲಿನದು ಯಾರೂ ಹೇಳುವುದಿಲ್ಲ.

ಆಫೀಸಿನವರಿಗೆಲ್ಲ ಪ್ರಿಂಟರ್ ಚೆನ್ನಾಗಿ ಸಿಕ್ಕಿತು. ಮೇಲೆ ಬಂದು ನಾನು ಹುಡುಕಿದರೆ ಇಲ್ಲ. ವೈಫೈ ಇದೆ, ಇಂಟರ್ನೆಟ್ ಇದೆ, ಪ್ರಿಂಟರ್ ಇಲ್ಲ. ಪ್ರಿಂಟರಿನ ವೈಫೈ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನೆಟ್‌ವರ್ಕಿನ ವಿವರದ ಒಂದು ಹಾಳೆ ಪ್ರಿಂಟ್ ಆಗುತ್ತದೆ. (ಕೆಲವು ಪ್ರಿಂಟರುಗಳಲ್ಲಿ ಇದು ಮೆನುವಿನಲ್ಲಿರುತ್ತದೆ.) ಆ ಹಾಳೆಯಲ್ಲಿ ಪ್ರಿಂಟರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಮನೆ ನಂಬರು, 192.168.0 ಅಂತ ಶುರುವಾಗುತ್ತಿತ್ತು. ನನ್ನ ಲ್ಯಾಪ್‌ಟಾಪಿನದ್ದು ನೋಡಿದರೆ 192.168.1. ಆ ಒಂದು ಅಂಕೆಯಲ್ಲೇ ಇತ್ತು ವಿಷಯ.

ಇಂಟರ್ನೆಟ್ ಬರುವ ಫೈಬರ್ ರೂಟರ್ ಇರುವುದು ಮೇಲೆ. ಕೆಳಗೆ ಸಿಗ್ನಲ್ ಸಾಲದು ಅಂತ ಅಲ್ಲಿಗೊಂದು ಕೇಬಲ್ ಎಳೆದು ಎರಡನೇ ರೂಟರ್ ಇಟ್ಟಿದ್ದರು. ಆ ಎರಡನೆಯದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡು ಕೂತಿತ್ತು. ಇಂಟರ್ನೆಟ್ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಯೂಟ್ಯೂಬ್ ಎರಡು ಕಡೆಯೂ ಓಡುತ್ತದೆ. ಆದರೆ ಪ್ರಿಂಟರ್ ಹುಡುಕುವ ಕೆಲಸ ಬೇರೆ ಥರ. ಮೊಬೈಲು ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ’ ಅಂತ ತಾನಿರುವ ನೆಟ್‌ವರ್ಕಿಗೆಲ್ಲ ಕೇಳುವಂತೆ ಕೂಗುತ್ತದೆ, ಪ್ರಿಂಟರ್ ‘ಇದ್ದೇನೆ’ ಅನ್ನುತ್ತದೆ. ಆ ಕೂಗು ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಒಂದೇ ಮಹಡಿಮನೆಯಾದರೂ ನಮ್ಮದು ಬೇರೆ ಬೇರೆ ಪಿನ್‌ಕೋಡಿನ ಎರಡು ಊರಾಗಿತ್ತು.

ಸರಿ ಮಾಡಿದ್ದು ಹೀಗೆ. ಕೆಳಗಿನ ರೂಟರಿನ ಸೆಟ್ಟಿಂಗ್ ಪುಟ ತೆರೆದು ಅದನ್ನು ‘ಆಕ್ಸೆಸ್ ಪಾಯಿಂಟ್’ ಮೋಡಿಗೆ, ಅಂದರೆ ತನ್ನದೇ ನೆಟ್‌ವರ್ಕ್ ಕಟ್ಟದೆ ಮೇಲಿನದ್ದನ್ನೇ ಹಂಚುವ ರೀತಿಗೆ, ಹಾಕಿದೆ. ಆ ಆಯ್ಕೆ ಇಲ್ಲದ ರೂಟರಾದರೆ ಮೊದಲು ಅದಕ್ಕೆ ಮೇಲಿನ ಸಾಲಿನಲ್ಲೇ ಖಾಲಿ ಇರುವ ಒಂದು ವಿಳಾಸ ಕೊಟ್ಟು, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಮೇಲಿಂದ ಬರುವ ಕೇಬಲ್ಲನ್ನು ವ್ಯಾನ್ ಕಿಂಡಿಯಿಂದ (ಇಂಟರ್ನೆಟ್ ಒಳಬರುವ ಕಿಂಡಿ) ತೆಗೆದು ಲ್ಯಾನ್ ಕಿಂಡಿಗೆ ಹಾಕಬೇಕು. ಆಮೇಲೆ ವಿಳಾಸ ಹಂಚುವ ಕೆಲಸ ಮೇಲಿನ ರೂಟರಿನದ್ದು ಮಾತ್ರ. ಎಲ್ಲರಿಗೂ 192.168.1ರ ಸಾಲಿನಲ್ಲೇ ವಿಳಾಸ ಬಂತು, ಮೇಲಿಂದಲೂ ಪ್ರಿಂಟರ್ ಕಾಣಿಸಿತು. ‘ಗೆಸ್ಟ್’ ವೈಫೈ ಬಳಸುವವರಿಗೂ ಪ್ರಿಂಟರ್ ಕಾಣದೇ ಇರುವುದಕ್ಕೆ ಇಂಥದ್ದೇ ಕಾರಣ, ಅಲ್ಲಿ ಬೇಕಂತಲೇ ಗೋಡೆ ಕಟ್ಟಿರುತ್ತಾರೆ. ನಾವು ಕಕ್ಷಿದಾರರಿಗೆ ಗೆಸ್ಟ್ ವೈಫೈ ಕೊಡುವುದು ಅದಕ್ಕೇ.

ಎರಡನೇ ಸಮಸ್ಯೆ ಕರೆಂಟ್ ಹೋಗಿ ಬಂದಾಗ ಶುರು. ‘ಮೇಡಂ, ಪ್ರಿಂಟರ್ ಮತ್ತೆ ಆಫ್‌ಲೈನ್ ಅಂತಿದೆ’ ಅಂತ ಗುಮಾಸ್ತರು ಮೆಟ್ಟಿಲ ಕೆಳಗಿಂದ ಕರೆಯುವುದು. ಪ್ರಿಂಟರ್ ನೋಡಿದರೆ ಹಸಿರು ದೀಪ ಹಾಕಿಕೊಂಡು ಆರಾಮಾಗಿ ಇರುತ್ತದೆ. ರೂಟರ್ ವಿಳಾಸವನ್ನು ಕೊಡುವುದು ಬಾಡಿಗೆಗೆ, ಸ್ವಂತಕ್ಕಲ್ಲ. ಆಫ್ ಆಗಿ ಆನ್ ಆದ ಪ್ರಿಂಟರಿಗೆ ಬೇರೆ ವಿಳಾಸ ಸಿಕ್ಕಿದರೆ ಕಂಪ್ಯೂಟರ್ ಹಳೆ ವಿಳಾಸಕ್ಕೇ ಕಳಿಸಿ ಕಾಯುತ್ತಿರುತ್ತದೆ. ಎಷ್ಟೋ ಜನ ಇಲ್ಲಿ ಪ್ರಿಂಟರ್ ತೆಗೆದು ಮತ್ತೆ ಸೇರಿಸುತ್ತಾರೆ, ಡ್ರೈವರ್ ಮತ್ತೆ ಹಾಕುತ್ತಾರೆ. ಆ ದಿನಕ್ಕೆ ಸರಿಹೋಗುತ್ತದೆ, ಅಷ್ಟೆ.

ರೂಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಒಂದು ಜಾಗ ಇರುತ್ತದೆ. ಪ್ರಿಂಟರಿನ ಮ್ಯಾಕ್ ಅಡ್ರೆಸ್, ಅಂದರೆ ಬದಲಾಗದ ಅದರ ಗುರುತಿನ ಸಂಖ್ಯೆ, ಆ ನೆಟ್‌ವರ್ಕ್ ಹಾಳೆಯಲ್ಲೇ ಇದೆ. ಅದನ್ನು ಅಲ್ಲಿ ಬರೆದು, ಇದಕ್ಕೆ ಯಾವಾಗಲೂ 192.168.1.50 ಕೊಡು ಅಂತ ಹೇಳಿಟ್ಟೆ. ಕೆಲವರು ವಿಳಾಸವನ್ನು ಪ್ರಿಂಟರಿನಲ್ಲೇ ಕಟ್ಟಿಹಾಕುತ್ತಾರೆ. ನನಗೆ ಅದು ಇಷ್ಟವಿಲ್ಲ. ನಾಳೆ ರೂಟರ್ ಬದಲಾಗಿ ಹೊಸದು ಬೇರೆ ಸಾಲಿನ ವಿಳಾಸ ಕೊಡುವಂಥದ್ದಾದರೆ, ಪ್ರಿಂಟರ್ ಹಳೆಯದನ್ನೇ ಹಿಡಿದುಕೊಂಡು ಯಾರಿಗೂ ಸಿಗದೆ ಹೋಗುತ್ತದೆ.

ಆಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಪ್ರಿಂಟರನ್ನು ಆ ವಿಳಾಸದಿಂದಲೇ ಸೇರಿಸಿದೆ. ವಿಂಡೋಸ್ ತಾನಾಗಿ ಹುಡುಕಿ ಸೇರಿಸಿದಾಗ ಎಷ್ಟೋ ಸಲ ಡಬ್ಲ್ಯೂಎಸ್‌ಡಿ ಅನ್ನುವ ಪೋರ್ಟ್, ಅಂದರೆ ಪ್ರಿಂಟರಿಗೆ ಕಳಿಸುವ ದಾರಿ, ಹಾಕಿಕೊಳ್ಳುತ್ತದೆ. ಸುಳ್ಳು ಸುಳ್ಳೇ ಆಫ್‌ಲೈನ್ ತೋರಿಸುವುದು ಜಾಸ್ತಿ ಅದರಲ್ಲೇ. ‘ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್’ಗೆ ಹೋಗಿ, ‘ಆಡ್ ಮ್ಯಾನ್ಯುಯಲಿ’ ಒತ್ತಿ, ಐಪಿ ಅಡ್ರೆಸ್ ಕೊಡುವ ಆಯ್ಕೆ ಹಿಡಿದರೆ ನೇರ ಆ ವಿಳಾಸಕ್ಕೇ ಕಳಿಸುವ ಟಿಸಿಪಿ-ಐಪಿ ಪೋರ್ಟ್ ಆಗುತ್ತದೆ. ಅದೂ ಆಫ್‌ಲೈನ್ ಅಂದರೆ, ಪೋರ್ಟಿನ ಸೆಟ್ಟಿಂಗಿನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ (ಪ್ರಿಂಟರಿನ ಸ್ಥಿತಿ ವಿಚಾರಿಸುವುದು) ಮುಂದಿನ ಟಿಕ್ ತೆಗೆದು ನೋಡಿ. ಮೊಬೈಲುಗಳಲ್ಲಿ ಇಷ್ಟೆಲ್ಲ ಇಲ್ಲ. ಐಫೋನಿನಲ್ಲಿ ಏರ್‌ಪ್ರಿಂಟ್ ಅನ್ನುವ ಪ್ರಿಂಟ್ ಸೌಲಭ್ಯ 2010ರಿಂದಲೇ ಇದೆ, ಆಂಡ್ರಾಯ್ಡ್‌ನಲ್ಲಿ ‘ಡಿಫಾಲ್ಟ್ ಪ್ರಿಂಟ್ ಸರ್ವಿಸ್’ ಆನ್ ಇದ್ದರೆ ಸಾಕು. ಮಗಳು ವಾಟ್ಸಾಪಿನ ಪಿಡಿಎಫ್ ತೆರೆದು ತಾನೇ ಪ್ರಿಂಟ್ ಕೊಡುತ್ತಾಳೆ.

ಪ್ರಿಂಟ್ ಬರುತ್ತಿದೆ ಅಂದಮೇಲೆ ಮುಗಿಯಿತಲ್ವಾ ಅಂದುಕೊಂಡಿರುವಾಗ ಕನ್ನಡದ ಸರದಿ ಬಂತು. ಗುಮಾಸ್ತರು ವರ್ಷಗಟ್ಟಲೆಯಿಂದ ‘ನುಡಿ’ಯಲ್ಲಿ ಟೈಪ್ ಮಾಡುವವರು. ಅವರ ದಾವೆಯ ಕರಡನ್ನು ಜೂನಿಯರ್ ತನ್ನ ಲ್ಯಾಪ್‌ಟಾಪಿನಿಂದ ಪ್ರಿಂಟ್ ಕೊಟ್ಟಳು. ಹೊರಬಂದ ಹಾಳೆಯ ತುಂಬಾ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಗುರುತು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನೋಡಿ, ‘ಏನಮ್ಮಾ, ನಮ್ ಕಕ್ಷಿದಾರ ಪೌಂಡಲ್ಲಿ ಫೀಸು ಕೊಡ್ತಾನಂತಾ?’ ಅಂದರು.

ಇದರಲ್ಲಿ ಪ್ರಿಂಟರಿನ ತಪ್ಪಿಲ್ಲ. ನುಡಿಯ ಹಳೆ ಫಾಂಟುಗಳಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಳಗಿನದ್ದೇ ಕಾಣುತ್ತದೆ. ‘ನ’ ಅಕ್ಷರ ಕೂರುವುದು ಪೌಂಡ್ ಗುರುತಿನ ಮನೆಯಲ್ಲಿ. ಕನ್ನಡದಲ್ಲಿ ‘ನ’ ಎಷ್ಟು ಬರುತ್ತದೆ ನೋಡಿ, ಅಷ್ಟೂ ಪೌಂಡ್. ಗುಮಾಸ್ತರ ಕಂಪ್ಯೂಟರಿಗೆ ಮಾತ್ರ ಪ್ರಿಂಟರ್ ಜೋಡಿಸಿದ್ದಾಗ ಈ ತೊಂದರೆ ಎದ್ದೇ ಇರಲಿಲ್ಲ. ಎಲ್ಲರೂ ಎಲ್ಲಿಂದಲೋ ಪ್ರಿಂಟ್ ಕೊಡಲು ಶುರು ಮಾಡಿದ ಮೇಲೆ ಎದ್ದಿತು. ಈಗ ಆಫೀಸಿನ ರೂಢಿ ಹೀಗಿದೆ: ನುಡಿಯಲ್ಲಿ ಟೈಪ್ ಮಾಡಿದ್ದನ್ನು ಅದೇ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿಯೇ ಬೇರೆಯವರಿಗೆ ಕಳಿಸುವುದು. ಪಿಡಿಎಫ್ ಒಳಗೆ ಫಾಂಟೂ ಸೇರಿ ಹೋಗುತ್ತದೆ. ಹೊಸ ಕರಡುಗಳನ್ನು ಜೂನಿಯರ್‌ಗಳು ಯೂನಿಕೋಡಿನಲ್ಲೇ ಬರೆಯುತ್ತಾರೆ, ಅದರಲ್ಲಿ ಫೈಲಿನ ಒಳಗೂ ಕನ್ನಡವೇ ಇರುತ್ತದೆ.

ಕಾಗದದ ಅಳತೆಯ ಗಲಾಟೆಯೂ ಇದೆ. ಸಾಫ್ಟ್‌ವೇರುಗಳು ಅಮೆರಿಕದ ‘ಲೆಟರ್’ ಅಳತೆಯನ್ನು ತಾವೇ ಆರಿಸಿಕೊಂಡು ಕೂತಿರುತ್ತವೆ, ಟ್ರೇಯಲ್ಲಿ ಇರುವುದು ಎ4. ಪ್ರಿಂಟರ್ ದೀಪ ಮಿಣುಕಿಸುತ್ತಾ ಲೆಟರ್ ಕಾಗದ ಹಾಕಿ ಅಂತ ಕಾಯುತ್ತದೆ, ಹಿಂದೆ ಕ್ಯೂ ಬೆಳೆಯುತ್ತದೆ. ಹಂಚಿಕೊಂಡ ಪ್ರಿಂಟರಿನಲ್ಲಿ ಒಬ್ಬರ ತಪ್ಪು ಸೆಟ್ಟಿಂಗು ಎಲ್ಲರ ಕೆಲಸ ನಿಲ್ಲಿಸುತ್ತದೆ. ಪ್ರತಿ ಕಂಪ್ಯೂಟರಿನಲ್ಲೂ ಎ4 ಡಿಫಾಲ್ಟ್ ಮಾಡಿದೆ. ಲೀಗಲ್ ಕಾಗದಕ್ಕೆ, ಅಂದರೆ 14 ಇಂಚು ಉದ್ದದ್ದಕ್ಕೆ, ಅದೇ ಪ್ರಿಂಟರನ್ನು ‘ಲೀಗಲ್’ ಅಂತ ಹೆಸರಿಟ್ಟು ಇನ್ನೊಮ್ಮೆ ಸೇರಿಸಿ, ಅದರ ಡಿಫಾಲ್ಟ್ ಬೇರೆ ಮಾಡಿದ್ದೇನೆ. ಗುಮಾಸ್ತರಿಗೆ ಇದು ಬಹಳ ಹಿಡಿಸಿತು. ಹಸಿರು ಲೆಡ್ಜರ್ ಕಾಗದ ದಪ್ಪ, ಅದನ್ನು ಟ್ರೇಗೆ ತುಂಬದೆ ಮುಂದಿನ ಕೈಕಿಂಡಿಯಲ್ಲಿ ಒಂದೊಂದೇ ಕೊಡುತ್ತಾರೆ.

ಮಳೆಗಾಲದಲ್ಲಿ ಕಾಗದ ತೇವ ಕುಡಿಯುತ್ತದೆ. ಆ ಹಾಳೆ ಫ್ಯೂಸರಿನ ಬಿಸಿಗೆ ಹೋದಾಗ ತೇವ ಆವಿಯಾಗಿ ಹಾಳೆ ಹಪ್ಪಳದ ಹಾಗೆ ಸುರುಳಿಯಾಗಿ ಹೊರಬರುತ್ತದೆ, ಎರಡನೇ ಬದಿಗೆ ವಾಪಸ್ ಎಳೆದುಕೊಳ್ಳುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೇಗೆ ಆ ದಿನಕ್ಕೆ ಬೇಕಾದಷ್ಟೇ ಕಾಗದ ಹಾಕುತ್ತೇವೆ. 500 ಹಾಳೆಯ ಕಟ್ಟಿನ ಹೊದಿಕೆ ತೇವ ತಡೆಯಲೆಂದೇ ಮಾಡಿದ್ದು, ಉಳಿದದ್ದನ್ನು ಅದರಲ್ಲೇ ಮಡಚಿ ಬೀರುವಿನಲ್ಲಿ ಇಡುತ್ತೇವೆ. ಜಾಮ್ ಆಯಿತೆಂದರೆ ಹಾಳೆ ಹೋಗುತ್ತಿದ್ದ ದಿಕ್ಕಿಗೇ ಎರಡೂ ಕೈಯಲ್ಲಿ ನಿಧಾನ ಎಳೆಯಬೇಕು. ಚೂರು ಒಳಗೆ ಉಳಿದರೆ ಕಷ್ಟ.

ಭದ್ರತೆಗೆ ಮಾಡಿದ್ದು ಸ್ವಲ್ಪವೇ. ಬ್ರೌಸರಿನಲ್ಲಿ ಪ್ರಿಂಟರಿನ ವಿಳಾಸ ಬರೆದರೆ ಅದರದ್ದೇ ಪುಟ ತೆರೆಯುತ್ತದೆ, ಅಲ್ಲಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ. ‘ಡೈರೆಕ್ಟ್’ ಅಂತ ಶುರುವಾಗುವ ಹೆಸರಿನಲ್ಲಿ ಪ್ರಿಂಟರ್ ತನ್ನದೇ ಒಂದು ವೈಫೈ ಬಿಡುತ್ತಿತ್ತು, ಬೀದಿಯಲ್ಲಿ ನಿಂತವರ ಮೊಬೈಲಿಗೂ ಕಾಣುತ್ತಿತ್ತು, ಅದನ್ನು ಆಫ್ ಮಾಡಿದೆ. ವಿಚ್ಛೇದನದ, ಆಸ್ತಿಯ ಕಾಗದಗಳು ಹೊರಬರುವ ಜಾಗ ಅದು. ಪ್ರಿಂಟರನ್ನೂ ಕಕ್ಷಿದಾರರು ಕೂರುವ ಬೆಂಚಿನಿಂದ ದೂರ, ಗುಮಾಸ್ತರ ಬೆನ್ನ ಹಿಂದಕ್ಕೆ ಸರಿಸಿದ್ದೇವೆ.

ಸ್ಕ್ಯಾನ್ ಮಾಡಿದ್ದು ನೇರ ಕಂಪ್ಯೂಟರಿನ ಫೋಲ್ಡರಿಗೆ ಹೋಗುವ ಹಾಗೆ ಮಾಡುವುದು ಮಾತ್ರ ಬಿಟ್ಟಿದ್ದೇವೆ. ಕೆಲವು ಪ್ರಿಂಟರುಗಳು ಅದಕ್ಕೆ ಎಸ್‌ಎಂಬಿ1 ಅನ್ನುವ, ಫೈಲು ಹಂಚುವ ಹಳೆ ಪದ್ಧತಿ ಕೇಳುತ್ತವೆ, ನಮ್ಮದೂ ಹಾಗೇ. ಭದ್ರತೆಯ ಕಾರಣಕ್ಕೆ ಹೊಸ ವಿಂಡೋಸ್‌ಗಳಲ್ಲಿ ಅದು ಆಫ್ ಇರುತ್ತದೆ. ಆನ್ ಮಾಡಿಕೊಳ್ಳಬಹುದು, ಆದರೆ ಕೇಸಿನ ಫೈಲುಗಳಿರುವ ಕಂಪ್ಯೂಟರಿನಲ್ಲಿ ಬೇಡ ಅನ್ನಿಸಿತು. ಸ್ಕ್ಯಾನ್ ಬೇಕಾದವರು ಪ್ರಿಂಟರಿನ ಕಿಂಡಿಗೆ ಪೆನ್‌ಡ್ರೈವ್ ಹಾಕಿಕೊಳ್ಳುತ್ತಾರೆ. ಒಂದನ್ನು ದಾರ ಕಟ್ಟಿ ಅಲ್ಲೇ ತೂಗುಹಾಕಿದೆ.