ಟಾಸ್ಕ್‌ಬಾರ್‌ನಲ್ಲಿ ಬೇಕಾದ ವಿಂಡೋ ಒಂದೇ ಕ್ಲಿಕ್ಕಿಗೆ ಸಿಗುವಂತೆ ಮಾಡುವುದು ಹೇಗೆ?

ಯಾವುದೇ ಕಚೇರಿಯಲ್ಲಿ ಎಕ್ಸೆಲ್ ಮುಂದೆ ಕುಳಿತವರ ಕೈಯನ್ನು ಐದು ನಿಮಿಷ ಗಮನಿಸಿ. ಸದಸ್ಯರ ಪಟ್ಟಿ, ಸಾಲದ ಲೆಕ್ಕ, ಬಡ್ಡಿಯ ಲೆಕ್ಕ, ಹಿಂದಿನ ವರ್ಷದ ವರದಿ, ಹೀಗೆ ನಾಲ್ಕೈದು ಕಡತಗಳು ತೆರೆದಿರುತ್ತವೆ. ಪರದೆಯ ಕೆಳಗಿನ ಪಟ್ಟಿಯಲ್ಲಿ, ಅಂದರೆ ಟಾಸ್ಕ್‌ಬಾರ್‌ನಲ್ಲಿ ಮಾತ್ರ ಎಲ್ಲಕ್ಕೂ ಸೇರಿ ಒಂದೇ ಹಸಿರು ಚಿಹ್ನೆ. ಅದನ್ನು ಒತ್ತಿದರೆ ಮೇಲೆ ಅಂಗೈಯಗಲದ ಚಿತ್ರಗಳು ಸಾಲಾಗಿ ಬರುತ್ತವೆ. ಎಲ್ಲದರಲ್ಲೂ ಅದೇ ಬಿಳಿ ಹಿನ್ನೆಲೆ, ಅದೇ ಗೆರೆಗಳು. ಯಾವುದು ಸಾಲದ್ದು, ಯಾವುದು ಬಡ್ಡಿಯದು ಎಂದು ಕಣ್ಣು ಕಿರಿದಾಗಿಸಿ ನೋಡುವಷ್ಟರಲ್ಲಿ ಮೌಸ್ ಪಕ್ಕಕ್ಕೆ ಜಾರಿ ಚಿತ್ರಗಳೆಲ್ಲ ಮಾಯ. ಮತ್ತೆ ಮೊದಲಿನಿಂದ ಶುರು. ಇಂಥ ಒದ್ದಾಟವನ್ನು ಸಹಿಸಿಕೊಂಡೇ ವರ್ಷಗಟ್ಟಲೆ ಕೆಲಸ ಮಾಡುವವರನ್ನು ನಾನು ನೋಡುತ್ತಲೇ ಇದ್ದೇನೆ. ಸರಿಪಡಿಸಲು ಹೊರಟವರಲ್ಲೂ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಆ ಜಾಗದ ಬಗ್ಗೆಯೇ ಈ ಲೇಖನದಲ್ಲಿ ಹೆಚ್ಚು ಬರೆದಿದ್ದೇನೆ.

ವಿಂಡೋಸ್ 95ರಲ್ಲಿ ಟಾಸ್ಕ್‌ಬಾರ್ ಬಂದಾಗ ಪ್ರತಿ ವಿಂಡೋಗೂ ಹೆಸರು ಬರೆದ ಒಂದೊಂದು ಗುಂಡಿ ಇತ್ತು. ಒಂದೇ ಬಗೆಯ ವಿಂಡೋಗಳನ್ನು ಗುಂಪು ಮಾಡುವ ಪದ್ಧತಿ 2001ರ ಎಕ್ಸ್‌ಪಿಯಲ್ಲಿ ಶುರುವಾಯಿತು. 2009ರ ವಿಂಡೋಸ್ 7ರಲ್ಲಿ ಹೆಸರು ಅಳಿಸಿಹೋಗಿ ಬರೀ ದೊಡ್ಡ ಚಿಹ್ನೆ ಉಳಿಯಿತು. ಬೇಡವೆಂದವರು ಹಳೆಯ ರೀತಿಗೆ ಮರಳುವ ಅವಕಾಶವಾದರೂ ಆಗ ಇತ್ತು. 2021ರಲ್ಲಿ ಬಂದ ವಿಂಡೋಸ್ 11 ಅದನ್ನೂ ಕಿತ್ತುಹಾಕಿತು. ಜನ ಎರಡು ವರ್ಷ ದೂರಿದ ಮೇಲೆ, 2023ರ ಕೊನೆಯ ಹೊತ್ತಿಗೆ, ಆ ಅವಕಾಶ ಮರಳಿ ಬಂದಿದೆ. ಆಗ ಹುಡುಕಿ ಸಿಗದೆ ಕೈಬಿಟ್ಟವರು ಈಗ ಮತ್ತೆ ನೋಡಬೇಕು.

ಹಂತ 1: ಗುಂಪು ಒಡೆಯಿರಿ

ಟಾಸ್ಕ್‌ಬಾರ್‌ನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ‘ಟಾಸ್ಕ್‌ಬಾರ್ ಸೆಟ್ಟಿಂಗ್ಸ್’ ತೆರೆಯಿರಿ. ವಿಂಡೋಸ್ 11ರಲ್ಲಿ ‘ಟಾಸ್ಕ್‌ಬಾರ್ ಬಿಹೇವಿಯರ್ಸ್’ ಎಂಬ ಭಾಗವನ್ನು ಬಿಡಿಸಿದರೆ ‘ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಆ್ಯಂಡ್ ಹೈಡ್ ಲೇಬಲ್ಸ್’ ಎಂಬ ಸಾಲು ಸಿಗುತ್ತದೆ. ವಿಂಡೋಸ್ 10ರಲ್ಲಿ ‘ಕಂಬೈನ್ ಟಾಸ್ಕ್‌ಬಾರ್ ಬಟನ್ಸ್’ ಎಂಬುದು ಅದೇ ಪುಟದಲ್ಲಿ ಸ್ವಲ್ಪ ಕೆಳಗಿದೆ. ‘ಆಲ್ವೇಸ್’ ಎಂದಿರುವುದನ್ನು ‘ನೆವರ್’ ಮಾಡಿ.

ನಡುವಿನ ಆಯ್ಕೆ, ಅಂದರೆ ಜಾಗ ತುಂಬಿದಾಗ ಮಾತ್ರ ಗುಂಪು ಮಾಡು ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆ ಒಂದು ಜಾಗದಲ್ಲಿದ್ದ ಗುಂಡಿ ಮಧ್ಯಾಹ್ನ ಗುಂಪಿನೊಳಗೆ ಸೇರಿಕೊಂಡು ಕಣ್ಮರೆಯಾಗುತ್ತದೆ. ಇದ್ದ ಜಾಗದಲ್ಲಿ ಇರಬೇಕಾದದ್ದು ಇಲ್ಲದಿದ್ದರೆ ಕೈಗೆ ಅಭ್ಯಾಸವೇ ಆಗುವುದಿಲ್ಲ.

ಗುಂಪು ಒಡೆದ ಮೇಲೆ ಹೆಚ್ಚಿನವರು ಮರೆಯುವ ಒಂದು ಮಾತಿದೆ: ಕಡತದ ಹೆಸರು. ಗುಂಡಿಯ ಮೇಲೆ ಹೆಸರಿನ ಮೊದಲ ಭಾಗವಷ್ಟೇ ಕಾಣುತ್ತದೆ, ಉಳಿದದ್ದು ಕತ್ತರಿಸಿಹೋಗುತ್ತದೆ. ‘ಮಾಸಿಕ ವರದಿ ಏಪ್ರಿಲ್’, ‘ಮಾಸಿಕ ವರದಿ ಮೇ’, ‘ಮಾಸಿಕ ವರದಿ ಜೂನ್’ ಎಂದು ಹೆಸರಿಟ್ಟರೆ ಮೂರು ಗುಂಡಿಗಳ ಮೇಲೂ ‘ಮಾಸಿಕ ವ...’ ಎಂದಷ್ಟೇ ಉಳಿಯುತ್ತದೆ. ಇಷ್ಟೆಲ್ಲ ಮಾಡಿ ಪ್ರಯೋಜನವೇನು? ‘ಏಪ್ರಿಲ್ ಮಾಸಿಕ ವರದಿ’, ‘ಮೇ ಮಾಸಿಕ ವರದಿ’ ಎಂದು ಬರೆಯಿರಿ. ಬೇರೆಯಾಗಿರುವ ಪದ ಮುಂದೆ ಬರಲಿ.

ದಿನಕ್ಕೆ ಹತ್ತು ಹನ್ನೆರಡು ವಿಂಡೋಗಳ ಒಳಗೆ ಕೆಲಸ ಮುಗಿಯುವವರಿಗೆ ಇಷ್ಟು ಸಾಕು. ಸಣ್ಣ ಪರದೆಯ ಲ್ಯಾಪ್‌ಟಾಪ್‌ನವರಿಗೆ, ಇಪ್ಪತ್ತು ಮೂವತ್ತು ವಿಂಡೋ ತೆರೆಯುವ ಡಿಟಿಪಿಯವರಿಗೆ ಗುಂಪು ಬೇಕೇ ಬೇಕು. ಅಂಥವರು ಮುಂದೆ ಓದಬೇಕು.

ಹಂತ 2: ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ನೋಡಿ

ಗುಂಪಾಗಿರುವ ಚಿಹ್ನೆಯನ್ನು ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಕ್ಲಿಕ್ ಮಾಡಿ. ಚಿತ್ರಗಳ ಸಾಲು ಬರುವುದಿಲ್ಲ. ಆ ಗುಂಪಿನಲ್ಲಿ ನೀವು ಕೊನೆಯದಾಗಿ ಬಳಸಿದ ವಿಂಡೋ ನೇರವಾಗಿ ಮುಂದೆ ಬರುತ್ತದೆ. ಕಂಟ್ರೋಲ್ ಬಿಡದೆ ಮತ್ತೆ ಕ್ಲಿಕ್ ಮಾಡಿದರೆ ಮುಂದಿನದು, ಮತ್ತೊಮ್ಮೆ ಮಾಡಿದರೆ ಅದರ ಮುಂದಿನದು. ಯಾವ ಸೆಟ್ಟಿಂಗೂ ಬದಲಿಸಬೇಕಿಲ್ಲ. ವಿಂಡೋಸ್ 11 ಬಳಸುವವರು ಇಲ್ಲಿಗೇ ನಿಂತು, ಹಂತ 3 ಬಿಟ್ಟು ನೇರವಾಗಿ ಹಂತ 4ಕ್ಕೆ ಹೋಗಲಿ ಎಂಬುದು ನನ್ನ ಸಲಹೆ. 11ರ ಟಾಸ್ಕ್‌ಬಾರನ್ನು ಹೊಸದಾಗಿ ಬರೆದಿದ್ದಾರೆ, ಅಪ್‌ಡೇಟ್ ಬಂದಂತೆಲ್ಲ ಅದು ಬದಲಾಗುತ್ತಲೂ ಇದೆ. ಅದರ ಒಳಗೆ ಕೈಹಾಕುವುದಕ್ಕಿಂತ ಕಂಟ್ರೋಲ್ ಕ್ಲಿಕ್ಕಿಗೆ ಒಗ್ಗಿಕೊಳ್ಳುವುದು ಲೇಸು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಅದೆಷ್ಟೋ ಕಚೇರಿ, ಅಂಗಡಿಗಳಲ್ಲಿ ಅದೇ ನಡೆಯುತ್ತಿದೆ. ಅವರು ಕಂಟ್ರೋಲ್ ಒತ್ತುವ ಕೆಲಸವನ್ನೂ ತಪ್ಪಿಸಿಕೊಳ್ಳಬಹುದು. ಬರೀ ಕ್ಲಿಕ್ ಮಾಡಿದರೆ ಸಾಕು, ಕೊನೆಯ ವಿಂಡೋ ಎದುರಿಗೆ ಬರಬೇಕು. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಜಾಗವಿಲ್ಲ, ವಿಂಡೋಸ್ ತನ್ನ ಆಯ್ಕೆಗಳನ್ನು ಬರೆದಿಟ್ಟುಕೊಳ್ಳುವ ಒಳಗಿನ ದಾಖಲೆಗೆ, ಅಂದರೆ ರಿಜಿಸ್ಟ್ರಿಗೆ ಹೋಗಬೇಕು. ಜನ ಎಡವುವುದು ಇಲ್ಲೇ.

ಹಂತ 3: ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸುವುದು

ಮೊದಲು ತೆರೆದ ಕಡತಗಳನ್ನು ಸೇವ್ ಮಾಡಿ. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿದರೆ ‘ರನ್’ ಪೆಟ್ಟಿಗೆ ಬರುತ್ತದೆ. ಅದರಲ್ಲಿ ರೆಜೆಡಿಟ್ ಎಂದು, ಅಂದರೆ ಆರ್, ಇ, ಜಿ, ಇ, ಡಿ, ಐ, ಟಿ ಅಕ್ಷರಗಳನ್ನು ಬರೆದು ಎಂಟರ್ ಒತ್ತಿ. ಒಪ್ಪಿಗೆ ಕೇಳಿದರೆ ‘ಯೆಸ್’ ಎನ್ನಿ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮೂಲಕ ತೆರೆದು ಬೇರೊಬ್ಬರ ಪಾಸ್‌ವರ್ಡ್ ಕೊಡಬೇಡಿ. ಹಾಗೆ ಮಾಡಿದರೆ ಬದಲಾವಣೆ ಅವರ ಖಾತೆಗೆ ಹೋಗುತ್ತದೆ, ನಿಮ್ಮ ಟಾಸ್ಕ್‌ಬಾರ್ ಇದ್ದಂತೆಯೇ ಇರುತ್ತದೆ.

ಎಡಬದಿಯಲ್ಲಿ ಐದು ಮುಖ್ಯ ಫೋಲ್ಡರುಗಳಿವೆ. ನಮಗೆ ಬೇಕಾದದ್ದು ಹೆಸರಿನಲ್ಲಿ ‘ಕರೆಂಟ್ ಯೂಸರ್’ ಎಂದಿರುವುದು. ಅದರ ಕೆಳಗೇ ‘ಲೋಕಲ್ ಮಷೀನ್’ ಇದೆ, ಅದರೊಳಗೂ ಇದೇ ದಾರಿ ಇದೆ. ಅವಸರದಲ್ಲಿ ಅಲ್ಲಿಗೆ ನುಗ್ಗಿದವರಿಗೆ ಎಲ್ಲವೂ ಹೇಳಿದಂತೆಯೇ ಕಾಣುತ್ತದೆ, ಫಲ ಮಾತ್ರ ಸಿಗುವುದಿಲ್ಲ. ಕರೆಂಟ್ ಯೂಸರ್‌ನ ಪಕ್ಕದ ಬಾಣದ ಗುರುತನ್ನು ಒತ್ತಿ ಕ್ರಮವಾಗಿ ಹೀಗೆ ಇಳಿಯಿರಿ: ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಎಕ್ಸ್‌ಪ್ಲೋರರ್, ಅಡ್ವಾನ್ಸ್ಡ್. ಮೈಕ್ರೋಸಾಫ್ಟ್‌ನ ಒಳಗೆ ‘ವಿಂಡೋಸ್’ ಮತ್ತು ‘ವಿಂಡೋಸ್ ಎನ್‌ಟಿ’ ಎಂದು ಎರಡಿವೆ, ಎರಡರೊಳಗೂ ‘ಕರೆಂಟ್‌ವರ್ಷನ್’ ಇದೆ. ಎನ್‌ಟಿ ಇಲ್ಲದ್ದನ್ನೇ ಹಿಡಿಯಿರಿ.

‘ಅಡ್ವಾನ್ಸ್ಡ್’ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಬಲಬದಿಯಲ್ಲಿ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ‘ಹಿಡನ್’, ‘ಹೈಡ್‌ಫೈಲ್‌ಎಕ್ಸ್‌ಟ್’ ಎಂಬ ಹೆಸರುಗಳು ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಅಡ್ವಾನ್ಸ್ಡ್‌ನ ಒಳಗೂ ಇನ್ನಷ್ಟು ಫೋಲ್ಡರುಗಳು ಇರಬಹುದು, ಅವುಗಳಿಗೆ ಇಳಿಯಬೇಡಿ.

ಮುಂದುವರಿಯುವ ಮೊದಲು ‘ಫೈಲ್’ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿ, ಕೆಳಗೆ ‘ಸೆಲೆಕ್ಟೆಡ್ ಬ್ರಾಂಚ್’ ಎಂದಿರುವುದನ್ನು ನೋಡಿಕೊಂಡು ಒಂದು ಪ್ರತಿ ಉಳಿಸಿಡಿ. ಅರ್ಧ ನಿಮಿಷದ ಕೆಲಸ. ಇದನ್ನು ಬಿಟ್ಟು ಯಾರೂ ರಿಜಿಸ್ಟ್ರಿ ಮುಟ್ಟಬಾರದು.

ಈಗ ಬಲಬದಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ‘ನ್ಯೂ’ ಮೇಲೆ ಮೌಸ್ ಇಡಿ. ಬರುವ ಪಟ್ಟಿಯಲ್ಲಿ ‘ಡಿವರ್ಡ್ 32 ಬಿಟ್ ವ್ಯಾಲ್ಯೂ’ ಆರಿಸಿ. ಅದೇ ಪಟ್ಟಿಯ ಮೇಲ್ಗಡೆ ‘ಕೀ’, ‘ಸ್ಟ್ರಿಂಗ್ ವ್ಯಾಲ್ಯೂ’, ಕೆಳಗಡೆ ‘ಕ್ಯೂವರ್ಡ್ 64 ಬಿಟ್’ ಇವೆ. ತಮ್ಮ ಕಂಪ್ಯೂಟರ್ 64 ಬಿಟ್‌ನದ್ದು ಎಂದು ತಿಳಿದವರು ಕ್ಯೂವರ್ಡ್ ಆರಿಸಿ ಕೆಡಿಸಿಕೊಳ್ಳುತ್ತಾರೆ. ಕಂಪ್ಯೂಟರ್ ಎಷ್ಟೇ ಬಿಟ್‌ನದ್ದಾಗಿರಲಿ, ಇಲ್ಲಿ 32 ಬಿಟ್‌ನದ್ದೇ ಬೇಕು.

ಹೊಸ ಸಾಲು ಹುಟ್ಟಿದ ಕೂಡಲೇ ಅದರ ಹೆಸರು ನೀಲಿ ಬಣ್ಣದಲ್ಲಿ ತಿದ್ದಲು ಸಿದ್ಧವಾಗಿ ನಿಂತಿರುತ್ತದೆ. ಆಗಲೇ ‘ಲಾಸ್ಟ್‌ಆ್ಯಕ್ಟಿವ್‌ಕ್ಲಿಕ್’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಲಾಸ್ಟ್, ಆ್ಯಕ್ಟಿವ್, ಕ್ಲಿಕ್ ಮೂರೂ ಪದಗಳು ಕೂಡಿಕೊಂಡಿರಬೇಕು, ನಡುವೆ ಸ್ಪೇಸ್ ಇರಬಾರದು. ದೊಡ್ಡಕ್ಷರ, ಚಿಕ್ಕಕ್ಷರದ ಭೇದ ರಿಜಿಸ್ಟ್ರಿಗೆ ಇಲ್ಲ. ಆದರೆ ಒಂದು ಅಕ್ಷರ ತಪ್ಪಿದರೂ ವಿಂಡೋಸ್ ಅದನ್ನು ಗುರುತಿಸುವುದಿಲ್ಲ, ತಪ್ಪಾಗಿದೆ ಎಂದು ಹೇಳುವುದೂ ಇಲ್ಲ. ಹೆಸರು ಬರೆಯುವ ಮೊದಲೇ ಬೇರೆಲ್ಲೋ ಕ್ಲಿಕ್ ಮಾಡಿಬಿಟ್ಟರೆ ‘ನ್ಯೂ ವ್ಯಾಲ್ಯೂ’ ಎಂದೇ ಉಳಿದುಬಿಡುತ್ತದೆ. ಅದನ್ನು ಆರಿಸಿಕೊಂಡು ಎಫ್2 ಒತ್ತಿ ತಿದ್ದಿ. ನುಡಿ, ಬರಹದಂಥ ತಂತ್ರಾಂಶ ಚಾಲೂ ಇದ್ದರೆ ಕೀಲಿಮಣೆ ಇಂಗ್ಲಿಷಿನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹೆಸರು ಕೊಟ್ಟರೆ ಕೆಲಸ ಮುಗಿಯಿತು ಎಂದು ಎದ್ದುಹೋಗುವವರೇ ಹೆಚ್ಚು. ಹೊಸ ಸಾಲಿನ ಬೆಲೆ ಇನ್ನೂ ಸೊನ್ನೆಯಾಗಿಯೇ ಇದೆ, ಸೊನ್ನೆ ಎಂದರೆ ಹಳೆಯ ರೀತಿ. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ‘ವ್ಯಾಲ್ಯೂ ಡೇಟಾ’ ಎಂಬಲ್ಲಿ 1 ಎಂದು ಬರೆದು ‘ಓಕೆ’ ಒತ್ತಿ. ಮುಚ್ಚಿದ ಮೇಲೆ ಸಾಲಿನ ಕೊನೆಯಲ್ಲಿ ಆವರಣದೊಳಗೆ 1 ಕಾಣಬೇಕು.

ಕೊನೆಗೆ ಟಾಸ್ಕ್‌ಬಾರನ್ನು ಮತ್ತೆ ಶುರು ಮಾಡಬೇಕು. ಕಂಪ್ಯೂಟರನ್ನೇ ಆರಿಸಿ ಹಾಕಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕದಾಗಿ ತೆರೆದುಕೊಂಡರೆ ‘ಮೋರ್ ಡೀಟೇಲ್ಸ್’ ಒತ್ತಿ. ಪಟ್ಟಿಯಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಹುಡುಕಿ, ಬಲ ಕ್ಲಿಕ್ ಮಾಡಿ ‘ರೀಸ್ಟಾರ್ಟ್’ ಎನ್ನಿ. ಪರದೆ ಒಮ್ಮೆ ಮಿಣುಕಿ ಟಾಸ್ಕ್‌ಬಾರ್ ಹೋಗಿ ಬರುತ್ತದೆ. ವರ್ಡ್, ಎಕ್ಸೆಲ್ ಕಡತಗಳಿಗೆ ಏನೂ ಆಗುವುದಿಲ್ಲ. ಆದರೆ ಪೆನ್‌ಡ್ರೈವ್‌ಗೆ ಏನಾದರೂ ಕಾಪಿ ಆಗುತ್ತಿದ್ದರೆ ಅದು ನಡುವಿನಲ್ಲೇ ನಿಂತುಹೋಗುತ್ತದೆ, ಮುಗಿಯುವವರೆಗೆ ಕಾಯಿರಿ. ‘ರೀಸ್ಟಾರ್ಟ್’ ಬದಲು ‘ಎಂಡ್ ಟಾಸ್ಕ್’ ಒತ್ತಿ ಟಾಸ್ಕ್‌ಬಾರ್ ಪೂರ್ತಿ ಕಾಣೆಯಾದರೆ ಗಾಬರಿ ಬೇಡ. ಅದೇ ಟಾಸ್ಕ್ ಮ್ಯಾನೇಜರ್‌ನ ‘ಫೈಲ್’ ಮೆನುವಿನಲ್ಲಿ ‘ರನ್ ನ್ಯೂ ಟಾಸ್ಕ್’ ಆರಿಸಿ ಎಕ್ಸ್‌ಪ್ಲೋರರ್ ಎಂದು ಬರೆದು ಎಂಟರ್ ಒತ್ತಿದರೆ ಮರಳಿ ಬರುತ್ತದೆ.

ಈಗ ಗುಂಪಿನ ಚಿಹ್ನೆ ಒತ್ತಿ ನೋಡಿ. ಕೊನೆಯದಾಗಿ ಬಿಟ್ಟ ಕಡತ ಒಂದೇ ಕ್ಲಿಕ್ಕಿಗೆ ಎದುರಿಗಿರುತ್ತದೆ. ಚಿತ್ರಗಳ ಸಾಲು ಬೇಕೆನಿಸಿದಾಗ ಕ್ಲಿಕ್ ಮಾಡದೆ ಮೌಸನ್ನು ಚಿಹ್ನೆಯ ಮೇಲೆ ಇಟ್ಟರೆ ಸಾಕು, ಅದು ಮೊದಲಿನಂತೆ ಬರುತ್ತದೆ. ಎಕ್ಸೆಲ್‌ನ ಎರಡು ಕಡತಗಳ ನಡುವೆ ಅಂಕಿ ತಾಳೆ ನೋಡುವವರಿಗೆ ಇದರ ಬೆಲೆ ಮೊದಲ ದಿನವೇ ಗೊತ್ತಾಗುತ್ತದೆ. ಬೇಡವೆನಿಸಿದರೆ 1 ಇದ್ದಲ್ಲಿ 0 ಮಾಡಿ, ಇಲ್ಲವೇ ಆ ಒಂದು ಸಾಲನ್ನು ಅಳಿಸಿ.

ಇಷ್ಟೆಲ್ಲ ಯಾಕೆ, ಒಂದು ಕಡತ ಇಳಿಸಿಕೊಂಡು ಎರಡು ಬಾರಿ ಕ್ಲಿಕ್ ಮಾಡಿದರೆ ಆಯಿತಲ್ಲ ಎನ್ನುವ ವಿಡಿಯೋಗಳು ಬೇಕಾದಷ್ಟಿವೆ. ಅಪರಿಚಿತರು ಕೊಟ್ಟ ರಿಜಿಸ್ಟ್ರಿ ಕಡತವನ್ನು ಒಳಗೇನಿದೆ ಎಂದು ನೋಡದೆ ಎಂದಿಗೂ ತೆರೆಯಬೇಡಿ. ನೀವು ಕೇಳಿದ ಒಂದು ಸಾಲಿನ ಜೊತೆ ಕೇಳದ ಹತ್ತು ಸಾಲು ಇರಬಹುದು. ರಿಜಿಸ್ಟ್ರಿ ಶುಚಿ ಮಾಡಿ ವೇಗ ಹೆಚ್ಚಿಸುತ್ತೇವೆ ಎನ್ನುವ ತಂತ್ರಾಂಶಗಳಂತೂ ಯಾವ ಕಂಪ್ಯೂಟರಿಗೂ ಬೇಡ. ಹೆಚ್ಚಿನ ಬದಲಾವಣೆ ಬೇಕೇ ಬೇಕು ಎನ್ನುವವರಿಗೆ ವಿಂಡೋಸ್ 10ಕ್ಕೆ ‘7+ ಟಾಸ್ಕ್‌ಬಾರ್ ಟ್ವೀಕರ್’, 11ಕ್ಕೆ ‘ವಿಂಡ್‌ಹಾಕ್’ ಇವೆ. ಎರಡನ್ನೂ ರೂಪಿಸಿದವರು ಒಬ್ಬರೇ, ಎರಡೂ ಉಚಿತ. ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ.

ಹಂತ 4: ಕೀಲಿಮಣೆಯ ದಾರಿ

ಟಾಸ್ಕ್‌ಬಾರ್‌ಗೆ ಪಿನ್ ಮಾಡಿದ, ಅಂದರೆ ಯಾವಾಗಲೂ ಅಲ್ಲೇ ಇರುವಂತೆ ಅಂಟಿಸಿದ ಚಿಹ್ನೆಗಳಿಗೆ ಎಡದಿಂದ 1, 2, 3 ಎಂದು ಎಣಿಕೆ ಇದೆ. ವಿಂಡೋಸ್ ಕೀಲಿಯೊಂದಿಗೆ ಆ ಅಂಕಿ ಒತ್ತಿದರೆ ಆ ತಂತ್ರಾಂಶ ತೆರೆಯುತ್ತದೆ. ವಿಂಡೋಸ್, ಕಂಟ್ರೋಲ್ ಎರಡನ್ನೂ ಹಿಡಿದು ಅಂಕಿ ಒತ್ತಿದರೆ ಅದರಲ್ಲಿ ಕೊನೆಯದಾಗಿ ಬಳಸಿದ ವಿಂಡೋಗೆ ನೇರ ಹೋಗುತ್ತದೆ. ಇದು 10, 11 ಎರಡರಲ್ಲೂ ನಡೆಯುತ್ತದೆ. ದಿನವೂ ಬಳಸುವ ಮೂರನ್ನು ಎಳೆದು ಮೊದಲ ಮೂರು ಜಾಗದಲ್ಲಿಡಿ, ಮತ್ತೆ ಆ ಕ್ರಮ ಬದಲಿಸಬೇಡಿ.

ಆಲ್ಟ್ ಟ್ಯಾಬ್ ಒತ್ತಿದಾಗ ಬ್ರೌಸರಿನ ಪುಟಗಳೆಲ್ಲ ಬಂದು ಗಲಿಬಿಲಿಯಾದರೆ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಮಲ್ಟಿಟಾಸ್ಕಿಂಗ್’ಗೆ ಹೋಗಿ ಟ್ಯಾಬ್‌ಗಳನ್ನು ತೋರಿಸಬೇಡ ಎಂದು ಮಾಡಿ. ಎರಡು ಮಾನಿಟರ್ ಇರುವವರು ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ, ವಿಂಡೋ ತೆರೆದಿರುವ ಪರದೆಯ ಟಾಸ್ಕ್‌ಬಾರ್‌ನಲ್ಲೇ ಅದರ ಗುಂಡಿ ಕಾಣಲಿ ಎಂಬ ಆಯ್ಕೆ ಮಾಡಿಕೊಳ್ಳಿ.

ಇಲ್ಲಿ ಹೇಳಿದ ಬದಲಾವಣೆಗಳೆಲ್ಲ ಲಾಗಿನ್ ಆದ ಖಾತೆಗೆ ಮಾತ್ರ ಸೇರಿದವು. ಪಾಳಿಯಲ್ಲಿ ಬರುವವರು ಬೇರೆ ಬೇರೆ ಲಾಗಿನ್ ಬಳಸುವ ಕಚೇರಿಯಾದರೆ ಪ್ರತಿಯೊಬ್ಬರ ಖಾತೆಯಲ್ಲೂ ಮತ್ತೆ ಮಾಡಬೇಕು. ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಮೊದಲು ಅವರಿಗೆ ತಿಳಿಸಿ, ಒಪ್ಪಿದ ಮೇಲೆ ಮಾಡಿ. ಚಿತ್ರ ನೋಡಿ ಆರಿಸಿಯೇ ರೂಢಿಯಾದವರಿಗೆ ಕ್ಲಿಕ್ ಮಾಡಿದ ಕೂಡಲೇ ಇನ್ಯಾವುದೋ ಕಡತ ಎದುರಾದರೆ, ಅಂಕಿಗಳನ್ನು ತಪ್ಪು ಹಾಳೆಯಲ್ಲಿ ತುಂಬಿಬಿಡುವ ಸಾಧ್ಯತೆ ಇದೆ.