ಬ್ರೇಕ್ ಒತ್ತಬಹುದಾಗಿದ್ದ 45 ಮೀಟರ್: ವಾಹನದಿಂದ ಕೊಲೆಯ ಫೈಲುಗಳಲ್ಲಿ ನನ್ನ ಅನುಭವ

ವಾಹನ ಹರಿಸಿ ಕೊಂದರೆಂಬ ಫೈಲು ಮೇಜಿಗೆ ಬಂದರೆ ನಾನು ಮೊದಲು ಹುಡುಕುವುದು ದೂರಿನ ಒಂದೇ ಸಾಲನ್ನು: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿಪಡಿಸಿದ್ದು’. ಸಂಚಾರ ಠಾಣೆಯ ರೈಟರ್‌ಗೆ ಈ ಸಾಲು ಬಾಯಿಪಾಠ. ಆಸ್ಪತ್ರೆಯ ಜಗಲಿಯಲ್ಲಿ ಕೂತು ಅಳುತ್ತಿರುವ ತಮ್ಮನೋ ಮಾವನೋ ಓದದೆಯೇ ಸಹಿ ಹಾಕಿರುತ್ತಾರೆ. ಎರಡು ವರ್ಷದ ನಂತರ ಸೆಷನ್ಸ್ ಕೋರ್ಟಿನಲ್ಲಿ ಅದೇ ತಮ್ಮ ‘ಬೇಕೆಂದೇ ಗುದ್ದಿದ’ ಎಂದಾಗ ಎದುರು ವಕೀಲರು ಆ ಸಾಲನ್ನು ಓದಿಸುತ್ತಾರೆ. ಅಜಾಗರೂಕತೆಯೂ ಉದ್ದೇಶವೂ ಒಂದೇ ಕೃತ್ಯದಲ್ಲಿ ಒಟ್ಟಿಗೆ ಇರಲಾರವು. ಆದ್ದರಿಂದ ಸಂತ್ರಸ್ತರ ಕಡೆಯವನಾಗಿದ್ದರೆ ನನ್ನ ಮೊದಲ ಕೆಲಸ, ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 183ರಡಿ ಮ್ಯಾಜಿಸ್ಟ್ರೇಟರ ಮುಂದೆ ಅವರ ಹೇಳಿಕೆ ಆದಷ್ಟು ಬೇಗ ದಾಖಲಾಗುವಂತೆ ತನಿಖಾಧಿಕಾರಿಗೆ ಬರೆದು ಕೇಳುವುದು. ಆರೋಪಿ ಕಡೆಯವನಾಗಿದ್ದರೆ ಆ ಸಾಲಿನ ಪ್ರಮಾಣಿತ ನಕಲು ಪಡೆದು ಜೋಪಾನ ಮಾಡುತ್ತೇನೆ. ಎರಡೂ ಕಡೆ ನಿಂತವನಿಗೆ ಇದರಲ್ಲಿ ನಾಚಿಕೆಯೇನಿಲ್ಲ.

ಕಾನೂನಿನ ಮೆಟ್ಟಿಲು ಮೂರು. 2024ರ ಜುಲೈ 1ರಿಂದ ಕೊಲೆಗೆ ಬಿಎನ್‌ಎಸ್ (ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 103, ಕೊಲೆಯಲ್ಲದ ನರಹತ್ಯೆಗೆ 105, ನಿರ್ಲಕ್ಷ್ಯದ ಸಾವಿಗೆ 106(1). ಹಳೆಯ ಐಪಿಸಿಯ 302, 304, 304ಎ ಇವೇ. 106(1)ರಲ್ಲಿ ಶಿಕ್ಷೆ ಐದು ವರ್ಷ ದಾಟುವುದಿಲ್ಲ. 105ರಲ್ಲಿ ಉದ್ದೇಶವಿದ್ದರೆ ಜೀವಾವಧಿಯವರೆಗೂ ಹೋಗಬಹುದು, ಬರೀ ಅರಿವಿದ್ದರೆ ಗರಿಷ್ಠ ಹತ್ತು ವರ್ಷ. 103 ಎಂದರೆ ಜೀವಾವಧಿ ಅಥವಾ ಗಲ್ಲು. ಕುಡಿದು ಓಡಿಸಿದವನ ಪ್ರಕರಣ ಸಾಮಾನ್ಯವಾಗಿ ನಡುವಿನ ಮೆಟ್ಟಿಲಲ್ಲೇ ನಿಲ್ಲುತ್ತದೆ. 2006ರ ನವೆಂಬರ್‌ನಲ್ಲಿ ಮುಂಬೈನ ಕಾರ್ಟರ್ ರಸ್ತೆಯ ಬದಿ ಮಲಗಿದ್ದ 7 ಕಾರ್ಮಿಕರು ಕಾರಿನಡಿ ಸತ್ತ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿದದ್ದು 304ರ ಎರಡನೇ ಭಾಗವನ್ನು. ಜನ ಸಾಯಬಹುದೆಂಬ ಅರಿವಿತ್ತು, ಸಾಯಿಸಬೇಕೆಂಬ ಉದ್ದೇಶ ಇರಲಿಲ್ಲ.

ಟಿವಿ ನೋಡಿ ಬಂದ ಕಕ್ಷಿದಾರರು ‘ಪ್ಲಾನ್ ಮಾಡಿರಲಿಲ್ಲ ಸಾರ್, ಹಾಗಾಗಿ ಕೊಲೆ ಅಲ್ಲ ಅಲ್ವಾ?’ ಎನ್ನುತ್ತಾರೆ. ಅದು ಅಮೆರಿಕದ ಲೆಕ್ಕ. ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಮೊದಲ ದರ್ಜೆಯ ಕೊಲೆಗೆ ಪೂರ್ವಯೋಜನೆ ಸಾಬೀತಾಗಬೇಕು. ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ 2017ರ ಆಗಸ್ಟ್ 12ರಂದು ಜನರ ಗುಂಪಿಗೆ ಕಾರು ನುಗ್ಗಿಸಿದವನ ವಿಚಾರಣೆಯಲ್ಲಿ ಕಾರು ನಿಂತದ್ದು, ಹಿಂದಕ್ಕೆ ಹೋದದ್ದು, ಆಮೇಲೆ ಮುಂದಕ್ಕೆ ನುಗ್ಗಿದ್ದು ಎಲ್ಲ ವಿಡಿಯೊದಲ್ಲಿತ್ತು. ಹಿಂದಕ್ಕೆ ಹೋಗುವಷ್ಟು ಹೊತ್ತು ಸಿಕ್ಕಿತೆಂದರೆ ಯೋಚಿಸುವಷ್ಟು ಹೊತ್ತೂ ಸಿಕ್ಕಿತು. ಜ್ಯೂರಿ ಮೊದಲ ದರ್ಜೆಯ ಕೊಲೆ ಎಂದಿತು. ಕೊಲೆ ಎಂದರೇನೆಂದು ಹೇಳುವ ನಮ್ಮ ಬಿಎನ್‌ಎಸ್ 101ನೇ ಕಲಮಿನಲ್ಲಿ ಕೊಲೆಗೆ ಪೂರ್ವಯೋಜನೆ ಬೇಕೆಂದು ಎಲ್ಲೂ ಇಲ್ಲ. ಕ್ಷಣದಲ್ಲಿ ಹುಟ್ಟಿದ ಉದ್ದೇಶವೂ ಉದ್ದೇಶವೇ. ಸುಪ್ರೀಂ ಕೋರ್ಟಿನ 1958ರ ವಿರ್ಸಾ ಸಿಂಗ್ ತೀರ್ಪಿನ ಪ್ರಕಾರ ಕೊಲ್ಲುವ ಇರಾದೆಯನ್ನೂ ತೋರಿಸಬೇಕಿಲ್ಲ. ಆ ಗಾಯವನ್ನೇ ಮಾಡಲು ಹೊರಟಿದ್ದ, ಸಹಜವಾಗಿ ಸಾವು ತರಲು ಆ ಗಾಯ ಸಾಕಿತ್ತು ಎಂದು ತೋರಿಸಿದರೆ ಮುಗಿಯಿತು. ಒಂದೂಕಾಲು ಟನ್ನಿನ ಕಾರನ್ನು ಮನುಷ್ಯನ ಮೇಲೆ ಬೇಕೆಂದೇ ಹಾಯಿಸಿದ್ದು ಸಾಬೀತಾದರೆ ‘ಕಾಲು ಮುರಿಯಲೆಂದಷ್ಟೇ ಹೊರಟಿದ್ದ’ ಎಂಬ ವಾದ ನಿಲ್ಲುವುದು ಕಷ್ಟ.

ಪೂರ್ವಯೋಜನೆ ನಮ್ಮಲ್ಲಿ ಬರುವುದು ಹಿಂಬಾಗಿಲಿನಿಂದ, 101ರ ನಾಲ್ಕನೇ ವಿನಾಯಿತಿಯಾಗಿ. ಯೋಜನೆಯಿಲ್ಲದೆ, ಹಠಾತ್ ಜಗಳದ ಆವೇಶದಲ್ಲಿ, ಅನುಚಿತ ಲಾಭ ಪಡೆಯದೆ, ಕ್ರೂರವಾಗಿ ವರ್ತಿಸದೆ ಕೊಂದಿದ್ದರೆ ಅದು ಕೊಲೆಯಿಂದ 105ಕ್ಕೆ ಇಳಿಯುತ್ತದೆ. ಕನ್ನಡಿಗೆ ಬೈಕು ತಾಗಿ ಶುರುವಾದ ಜಗಳಗಳಲ್ಲಿ ಆರೋಪಿ ಪರ ವಕೀಲರೆಲ್ಲ ಹಿಡಿಯುವುದು ಇದನ್ನೇ. ಎಡವುವುದೂ ಇಲ್ಲೇ. ನಾಲ್ಕೂ ಷರತ್ತು ಒಟ್ಟಿಗೆ ಕೂಡಿಬರಬೇಕು. ಜಗಳ ಸಿಗ್ನಲ್‌ನಲ್ಲಿ ಮುಗಿದು, ಬೈಕಿನವನು ಹೊರಟುಹೋಗಿ, ಕಾರು ಯೂಟರ್ನ್ ಹೊಡೆದು ಅವನ ಹಿಂದೆ ಬಿದ್ದಿದ್ದರೆ ‘ಹಠಾತ್’ ಅನ್ನುವುದು ಆ ಯೂಟರ್ನ್‌ನಲ್ಲೇ ಸತ್ತಿರುತ್ತದೆ. ಬೈಕಿನವನ ಎದುರು ಕಾರು ಎಂಬುದೇ ಅನುಚಿತ ಲಾಭ ಎಂದು ಪ್ರಾಸಿಕ್ಯೂಷನ್ ವಾದಿಸುತ್ತದೆ. 2025ರ ಅಕ್ಟೋಬರ್‌ನಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ಡೆಲಿವರಿ ಹುಡುಗನೊಬ್ಬನ ಸಾವು ಮೊದಲು ಅಪಘಾತವೆಂದೇ ದಾಖಲಾಗಿ, ಸಿಸಿಟಿವಿ ನೋಡಿದ ಮೇಲೆ ಕೊಲೆ ಪ್ರಕರಣವಾಯಿತು.

ಹಾಗಾಗಿ ನನ್ನ ಕೆಲಸವೆಲ್ಲ ಒಂದು ಪ್ರಶ್ನೆಯ ಸುತ್ತ: ಉದ್ದೇಶ ಯಾವ ಮೀಟರಿನಲ್ಲಿ ಹುಟ್ಟಿತು? 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ 16.7 ಮೀ. ಹೋಗುತ್ತದೆ. ಚಾಲಕ ಕಂಡು ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ 25 ಮೀ., ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ 20 ಮೀ. ಅಂದರೆ ಕೊನೆಯ 45 ಮೀಟರಿನೊಳಗೆ ಹುಟ್ಟಿದ ಉದ್ದೇಶಕ್ಕೆ, ಅವನು ಸ್ಟೀರಿಂಗನ್ನಾದರೂ ತಿರುಗಿಸಿರದಿದ್ದರೆ, ಬೆಲೆ ಕಡಿಮೆ. ಆಗ ಅವನು ಮನಸ್ಸು ಮಾಡಿದ್ದರೂ ಕಾರು ನಿಲ್ಲುತ್ತಿರಲಿಲ್ಲ. ಬರ್ಲಿನ್ನಿನ ಕುರ್‌ಫ್ಯುರ್ಸ್ಟೆನ್‌ಡಾಮ್‌ನಲ್ಲಿ 2016ರ ಫೆಬ್ರವರಿಯಲ್ಲಿ ಇಬ್ಬರು ರೇಸ್ ಹೂಡಿ ಒಬ್ಬರನ್ನು ಬಲಿ ತೆಗೆದುಕೊಂಡ ಪ್ರಕರಣದಲ್ಲಿ ಮೊದಲ ಕೊಲೆ ತೀರ್ಪನ್ನು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ರದ್ದುಮಾಡಿದ್ದು ಈ ತರ್ಕದ ಮೇಲೆಯೇ: ಕೆಳಗಿನ ಕೋರ್ಟು ಉದ್ದೇಶವನ್ನು ಗುರುತಿಸಿದ್ದು, ಇನ್ನೇನೂ ಮಾಡಲಾಗದ ಗಳಿಗೆಯಲ್ಲಿ. ಮರುವಿಚಾರಣೆಯಲ್ಲಿ ಆ ಗಳಿಗೆಯನ್ನು ಹಿಂದಕ್ಕೆ ಸರಿಸಿ ಮತ್ತೆ ಕೊಲೆ ಎಂದರು. ಡಿಕ್ಕಿ ಹೊಡೆದ ಚಾಲಕನ ಮಟ್ಟಿಗೆ ಅದು 2020ರಲ್ಲಿ ಉಳಿಯಿತು.

ಮೀಟರ್ ಗುರುತಿಸುವ ಕೆಲಸ ಹೀಗೆ. ಸಿಸಿಟಿವಿ ದೃಶ್ಯದಲ್ಲಿ ಕದಲದ ಮೂರು ಗುರುತು ಹಿಡಿಯುತ್ತೇನೆ: ದೀಪದ ಕಂಬ, ಗೇಟಿನ ಮೂಲೆ, ರಸ್ತೆಯ ಬಿಳಿ ಪಟ್ಟಿ. ಸ್ಥಳಕ್ಕೆ ಹೋಗಿ ಟೇಪಿನಿಂದ ಅಳೆಯಬೇಕು, ಗೂಗಲ್ ನಕ್ಷೆಯಿಂದಲ್ಲ. ಮೊದಲ 12 ಮೀ. ದಾಟಲು 18 ಫ್ರೇಮ್, ಮುಂದಿನ 12 ಮೀ.ಗೆ 15 ಫ್ರೇಮ್ ಎಂದುಕೊಳ್ಳಿ. ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ) ಸೆಕೆಂಡಿಗೆ 15 ಫ್ರೇಮ್ ಹಿಡಿದಿದ್ದರೆ ವೇಗ 36ರಿಂದ 43 ಕಿ.ಮೀ.ಗೆ ಏರಿದೆ. ಒಂದು ಫ್ರೇಮಿನ ತಪ್ಪು ಎರಡೂ ಕಡೆ ಇಟ್ಟರೂ ಮೊದಲ ಅಳತೆ 39 ದಾಟದು, ಎರಡನೆಯದು 40ರ ಕೆಳಗೆ ಇಳಿಯದು. ಎದುರಿಗೆ ಮನುಷ್ಯನಿರುವಾಗ ವೇಗ ಏರಿದೆ ಎಂಬುದು ನಿಂತಿತು. ಇಲ್ಲಿ ಕೆಡುವುದು ಎರಡು ಕಡೆ. ಪೆಟ್ಟಿಗೆಯ ಮೇಲೆ 25 ಫ್ರೇಮ್ ಎಂದಿದ್ದರೂ ಜಾಗ ಉಳಿಸಲು ಅಂಗಡಿಯವರು 12ಕ್ಕೋ 15ಕ್ಕೋ ಇಳಿಸಿರುತ್ತಾರೆ. ಡಿವಿಆರ್ ಗಡಿಯಾರವೂ ಐದು, ಹತ್ತು ನಿಮಿಷ ಆಚೀಚೆ ಇರುತ್ತದೆ. ಹಾರ್ಡ್‌ಡಿಸ್ಕ್ ತಿಂಗಳೊಳಗೆ ಅಳಿಸಿ ಬರೆದುಕೊಳ್ಳುವುದರಿಂದ ಮೊದಲ ವಾರವೇ ವಶಕ್ಕೆ ಪಡೆಯಬೇಕು. ಬಿಎಸ್‌ಎ (ಹೊಸ ಸಾಕ್ಷ್ಯ ಕಾಯ್ದೆ) 63(4)ರಡಿ ಡಿಜಿಟಲ್ ಸಾಕ್ಷ್ಯಕ್ಕೆ ಕೊಡುವ ಪ್ರಮಾಣಪತ್ರದ ಎರಡೂ ಭಾಗ, ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯದೊಂದಿಗೆ ಬೇಕು. ಪೆನ್‌ಡ್ರೈವ್‌ಗೆ ನಕಲು ಮಾಡಿ ತಂದು ಪ್ರಮಾಣಪತ್ರ ಮರೆತ ತನಿಖೆಗಳು ಇವತ್ತಿಗೂ ಇವೆ.

ಟೈರಿನ ಗುರುತಿನ ಬಗ್ಗೆ ಎಚ್ಚರ. ಮಹಜರಿನಲ್ಲಿ ‘ಬ್ರೇಕ್ ಗುರುತು ಕಂಡುಬಂದಿಲ್ಲ’ ಎಂದಿದ್ದರೆ ಬ್ರೇಕ್ ಹಾಕಿಲ್ಲವೆಂದು ಅರ್ಥವಲ್ಲ. ಎಬಿಎಸ್ ಇರುವ ಕಾರು ಚಕ್ರ ಕಚ್ಚಿಹಿಡಿಯಲು ಬಿಡುವುದಿಲ್ಲ, ಗುರುತು ತೀರಾ ಮಸುಕು. ಐಎಂವಿ (ಮೋಟಾರು ವಾಹನ ನಿರೀಕ್ಷಕ) ವರದಿಯ ‘ಅಪಘಾತವು ಯಾಂತ್ರಿಕ ದೋಷದಿಂದ ಆಗಿರುವುದಿಲ್ಲ’ ಎಂಬ ಸಾಲು ಬ್ರೇಕ್ ಫೇಲ್ ಎಂಬ ನೆಪವನ್ನು ಮುಚ್ಚುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಕಾಲಿನ ಮುರಿತ ಹಿಮ್ಮಡಿಯಿಂದ ಎಷ್ಟು ಸೆಂ.ಮೀ. ಮೇಲಿದೆ ಎಂದು ವೈದ್ಯರು ಬರೆಯುವಂತೆ ಕೇಳಬೇಕು. ಗಟ್ಟಿಯಾಗಿ ಬ್ರೇಕ್ ಒತ್ತಿದ ಕಾರಿನ ಮೂತಿ ತುಸು ತಗ್ಗುತ್ತದೆ, ಬಂಪರಿನ ಪೆಟ್ಟೂ ತಗ್ಗಿನಲ್ಲಿ ಬೀಳುತ್ತದೆ. ಇದೊಂದರಿಂದಲೇ ಕೇಸು ಗೆಲ್ಲಲಾಗದು, ವಿಡಿಯೊದ ಜೊತೆ ಹೊಂದಿದರೆ ಬಲ. ಒಂದೇ ದೇಹದ ಮೇಲೆ ಎರಡು ದಿಕ್ಕಿನ ಟೈರು ಗುರುತು ಇದ್ದರೆ, ಅಂದರೆ ಹಿಂದೆ ಬಂದು ಮತ್ತೆ ಹಾಯಿಸಿದ್ದರೆ, ಆರೋಪಿ ಪರ ನಿಂತಾಗ ನಾನು 106ರ ಮಾತೇ ಎತ್ತುವುದಿಲ್ಲ.

ಹಿಂದಿನ ದಿನಗಳ ಸಾಕ್ಷ್ಯ ಬಿಎಸ್‌ಎ 6ರಡಿ ಬರುತ್ತದೆ: ಪ್ರೇರಣೆ, ಸಿದ್ಧತೆ, ನಡವಳಿಕೆ. ಬೆದರಿಕೆಯ ವಾಟ್ಸ್ಆ್ಯಪ್ ಸಂದೇಶ, ನಂಬರ್ ಪ್ಲೇಟ್ ತೆಗೆದದ್ದು, ಮೃತರು ದಿನಾ ಹೋಗುವ ಹೊತ್ತಿಗೆ ಅದೇ ಟವರಿನಡಿ ಆರೋಪಿಯ ಫೋನು. ಧನಬಾದ್‌ನಲ್ಲಿ 2021ರ ಜುಲೈ 28ರ ಬೆಳಗ್ಗೆ ವಾಯುವಿಹಾರದಲ್ಲಿದ್ದ ನ್ಯಾಯಾಧೀಶ ಉತ್ತಮ್ ಆನಂದ್ ಅವರಿಗೆ ಖಾಲಿ ರಸ್ತೆಯಲ್ಲಿ ಆಟೊ ಪಕ್ಕಕ್ಕೆ ಸರಿದು ಬಂದು ಗುದ್ದಿದ್ದು ಸಿಸಿಟಿವಿಯಲ್ಲಿತ್ತು, ಆ ಆಟೊ ಹಿಂದಿನ ರಾತ್ರಿ ಕದ್ದದ್ದು. ಸರಿಯಾಗಿ ವರ್ಷಕ್ಕೆ ಸಿಬಿಐ ಕೋರ್ಟು ಇಬ್ಬರನ್ನು 302ರಡಿ ದೋಷಿಗಳೆಂದಿತು. ರೈತರ ಮೇಲೆ ವಾಹನ ಹರಿದ ಲಖೀಂಪುರ ಖೇರಿ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) 2021ರ ಡಿಸೆಂಬರ್‌ನಲ್ಲಿ ನಿರ್ಲಕ್ಷ್ಯದ ಕಲಮುಗಳಾದ 279, 338, 304ಎ ಕೈಬಿಟ್ಟು, ಕೊಲೆ ಯತ್ನದ 307ರಂಥ ಕಲಮುಗಳನ್ನು ಸೇರಿಸಲು ಕೋರಿತು. ಕೊಲೆಯ 302 ಇದ್ದ ಫೈಲಿನಲ್ಲೇ ನಿರ್ಲಕ್ಷ್ಯದ ಕಲಮನ್ನೂ ಇಟ್ಟುಕೊಂಡರೆ ಏನಾಗುತ್ತದೆಂದು ತನಿಖೆಗೆ ಗೊತ್ತಿತ್ತು. ಅಲ್ಲಿನ ಆರೋಪಗಳು ಸಾಬೀತಾಗುವುದು ಬಿಡುವುದು ವಿಚಾರಣೆಗೆ ಬಿಟ್ಟದ್ದು.

ಕೊನೆಯದಾಗಿ ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಪ್ರಕರಣ. ಕುಟುಂಬದವರು ಪರಿಹಾರಕ್ಕೆ ಅರ್ಜಿ ಹಾಕಲು ಬೇರೆ ವಕೀಲರ ಬಳಿ ಹೋಗುತ್ತಾರೆ. ಆ ಅರ್ಜಿಯಲ್ಲಿ ಮತ್ತೆ ‘ಅಜಾಗರೂಕತೆಯಿಂದ’ ಎಂದು ಬರುತ್ತದೆ, ಸೆಷನ್ಸ್ ಕೋರ್ಟಿನಲ್ಲಿ ಅದೇ ಅರ್ಜಿಯನ್ನು ಆರೋಪಿ ಕಡೆಯವರು ಸಾಕ್ಷ್ಯವಾಗಿ ಗುರುತು ಮಾಡಿಸುತ್ತಾರೆ. ಇತ್ತ ವಿಮಾ ಕಂಪನಿ ಕೊಲೆಯ ದೋಷಾರೋಪ ಪಟ್ಟಿ ತೋರಿಸಿ ‘ಇದು ಅಪಘಾತವೇ ಅಲ್ಲ’ ಎನ್ನುತ್ತದೆ. ಸುಪ್ರೀಂ ಕೋರ್ಟಿನ 2000ದ ರೀಟಾ ದೇವಿ ತೀರ್ಪಿನಂತೆ ಕೃತ್ಯದ ಪ್ರಧಾನ ಉದ್ದೇಶ ಕೊಲ್ಲುವುದೇ ಆಗಿತ್ತೇ ಎಂಬುದು ಅಲ್ಲೂ ಪ್ರಶ್ನೆ. ಆದ್ದರಿಂದ ಕ್ರಿಮಿನಲ್ ಪ್ರಕರಣದ ಅರ್ಜಿ, ಪರಿಹಾರದ ಅರ್ಜಿ ಎರಡರ ಕರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದ ಮೇಲೆಯೇ ಸಹಿ ಮಾಡಿಸುತ್ತೇನೆ.