ಕಾರಿಗೆ ಆಂಪ್ಲಿಫೈಯರ್, ಸಬ್‌ವೂಫರ್ ಅಳವಡಿಸುವುದು ಹೇಗೆ?

ಕಾರಿನ ಬಾಗಿಲುಗಳಲ್ಲಿ ಕಂಪನಿಯವರೇ ಕೂರಿಸಿ ಕೊಡುವ ಸ್ಪೀಕರ್‌ಗಳಲ್ಲಿ ಹಾಡುಗಾರರ ಕಂಠ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಎದೆಗೆ ತಾಗುವ ಡೊಳ್ಳಿನ ಏಟು ಅವುಗಳಿಂದ ಹೊರಡುವುದಿಲ್ಲ. 80 ಹರ್ಟ್ಸ್‌ನ ಆಸುಪಾಸಿನ ಮತ್ತು ಅದಕ್ಕೂ ಕೆಳಗಿನ ಸ್ವರಗಳಿಗೆ ಹೆಚ್ಚು ಗಾಳಿಯನ್ನು ತಳ್ಳಬಲ್ಲ ದೊಡ್ಡ ಕೋನ್ ಬೇಕು, ಆ ಕೋನನ್ನು ಆಡಿಸಲು ಸ್ಟೀರಿಯೊದಲ್ಲಿ ಇಲ್ಲದಷ್ಟು ಶಕ್ತಿ ಬೇಕು. ಸಬ್‌ವೂಫರ್ ಮತ್ತು ಆಂಪ್ಲಿಫೈಯರ್ ಬೇಕಾಗುವುದು ಇದಕ್ಕಾಗಿಯೇ. ಕೈಕೆಲಸ ಬಲ್ಲವರು ಒಂದು ಭಾನುವಾರದಲ್ಲಿ ಈ ಕೆಲಸವನ್ನು ಮುಗಿಸಬಹುದು. ಆದರೆ ಕಲಬುರಗಿಯ ಮೇ ತಿಂಗಳಿನಲ್ಲಿ ಹೊರಗೇ 42 ಡಿಗ್ರಿ ದಾಟಿರುವಾಗ, ಬಿಸಿಲಿನಲ್ಲಿ ನಿಂತ ಕಾರಿನ ಸ್ಟೇರಿಂಗನ್ನು ಮುಟ್ಟಲೂ ಆಗದಿರುವಾಗ, ಸಡಿಲವಾದ ಒಂದು ಜೋಡಣೆ ಏನು ಮಾಡಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಬರಹದ ಬಹುಭಾಗವನ್ನು ವೈರಿಂಗ್‌ಗೇ ಮೀಸಲಿಟ್ಟಿದ್ದೇನೆ.

ಮೊದಲು ಖರೀದಿಯ ಮಾತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ 2000 ವ್ಯಾಟ್ ಎಂಬ ಸಂಖ್ಯೆಯನ್ನು ನಂಬದೆ, ಆರ್‌ಎಂಎಸ್ ವ್ಯಾಟ್, ಅಂದರೆ ಅದು ಎಡೆಬಿಡದೆ ಕೊಡಬಲ್ಲ ಶಕ್ತಿ, ಎಷ್ಟೆಂದು ನೋಡಬೇಕು. ಅದನ್ನು ಪರೀಕ್ಷಿಸಲು ಅಂಗಡಿಯಲ್ಲಿಯೇ ಒಂದು ಲೆಕ್ಕ ಮಾಡಬಹುದು. ಆಂಪ್ಲಿಫೈಯರ್‌ನ ಮೈಮೇಲೆ 30 ಆಂಪಿಯರ್‌ನ ಎರಡು ಫ್ಯೂಸ್‌ಗಳಿದ್ದರೆ ಅದು ಎಳೆದುಕೊಳ್ಳಬಲ್ಲದ್ದು ಹೆಚ್ಚೆಂದರೆ 60 ಆಂಪಿಯರ್. ಎಂಜಿನ್ ಓಡುತ್ತಿರುವಾಗಿನ 13.8 ವೋಲ್ಟ್‌ನಿಂದ ಗುಣಿಸಿದರೆ 828 ವ್ಯಾಟ್. ಸಬ್‌ವೂಫರ್‌ಗೆ ಹೆಚ್ಚಾಗಿ ಬಳಸುವ ಕ್ಲಾಸ್ ಡಿ ಮಾದರಿಯ ಆಂಪ್ಲಿಫೈಯರ್‌ನ ದಕ್ಷತೆ ಶೇ 80ರಷ್ಟು ಎಂದುಕೊಂಡರೆ ಸ್ಪೀಕರ್‌ಗೆ ಸಿಗುವುದು ಸುಮಾರು 660 ವ್ಯಾಟ್. ಮನೆಮಂದಿ ಓಡಾಡುವ ಕಾರಿಗೆ 2 ಓಮ್ ರೋಧದ ವೂಫರಿಗೆ 500 ವ್ಯಾಟ್ ಆರ್‌ಎಂಎಸ್ ಕೊಡುವ ಮೋನೊ, ಅಂದರೆ ಒಂದೇ ಚಾನೆಲ್ಲಿನ, ಆಂಪ್ಲಿಫೈಯರ್ ಧಾರಾಳವಾಗಿ ಸಾಕು. ಅದಕ್ಕೆ 4 ಓಮ್‌ನ ಎರಡು ಕಾಯಿಲ್‌ಗಳಿರುವ ವೂಫರನ್ನು ತೆಗೆದುಕೊಂಡು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ 2 ಓಮ್ ಆಗುತ್ತದೆ.

ವೂಫರ್ 10 ಇಂಚಿನದಿರಲಿ, ಪೆಟ್ಟಿಗೆ ಮುಚ್ಚಿದ ಮಾದರಿಯದಿರಲಿ ಎಂಬುದು ನನ್ನ ಸಲಹೆ. ರಂಧ್ರವಿರುವ ಪೆಟ್ಟಿಗೆಯ ಸದ್ದು ಹೆಚ್ಚು, ಅದು ತಿನ್ನುವ ಜಾಗವೂ ಹೆಚ್ಚು. ಎಳ್ಳಮಾವಾಸ್ಯೆಗೆ ರೊಟ್ಟಿ, ಭಜ್ಜಿಯ ಬುಟ್ಟಿಗಳನ್ನು ಹೊಲಕ್ಕೆ ಒಯ್ಯಬೇಕಾದ ದಿನ ಡಿಕ್ಕಿಯಲ್ಲಿ ಜಾಗವಿಲ್ಲದಿದ್ದರೆ ಮನೆಯವರಿಗೆ ಆ ಪೆಟ್ಟಿಗೆಯೇ ಕಣ್ಣಿಗೆ ಚುಚ್ಚುತ್ತದೆ.

ಇನ್ನು ವೈರ್. 500 ವ್ಯಾಟ್ ಹೊರಬರಬೇಕಾದರೆ ಸುಮಾರು 625 ವ್ಯಾಟ್ ಒಳಹೋಗಬೇಕು, ಎಂದರೆ ಬ್ಯಾಟರಿಯಿಂದ 45 ಆಂಪಿಯರ್ ಹರಿಯಬೇಕು. ಬಾನೆಟ್‌ನಿಂದ ಡಿಕ್ಕಿಯವರೆಗಿನ ಐದು ಮೀಟರ್ ಹಾದಿಗೆ 4 ಗೇಜ್‌ನ, ಅಂದರೆ ಸುಮಾರು 21 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರ್ ಬೇಕು. ಅಗ್ಗದ ಕಿಟ್‌ಗಳಲ್ಲಿ ಬರುವುದು ಬಹಳಷ್ಟು ಸಲ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದೇ ದಪ್ಪದಲ್ಲಿ ಅದು ತಾಮ್ರದಷ್ಟು ಕರೆಂಟ್ ಹೊರುವುದಿಲ್ಲ, ಬೇಗ ಬಿಸಿಯಾಗುತ್ತದೆ. ಒಂದು ಎಳೆಯನ್ನು ಹೊರಗೆಳೆದು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಸಿಪ್ಪೆಯ ಕೆಳಗೆ ಬೆಳ್ಳಗೆ ಹೊಳೆದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ಕೆಲಸವನ್ನು ಆರಂಭಿಸುವ ಮೊದಲು ಕೀಲಿಯನ್ನು ತೆಗೆದಿಟ್ಟು, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಅದು ತಾನಾಗಿ ತಾಗದಂತೆ ಬಟ್ಟೆ ಸುತ್ತಿ ಬದಿಗಿಡಬೇಕು. ಎಲ್ಲ ಜೋಡಣೆ ಮುಗಿದ ಮೇಲೆಯೇ ಅದನ್ನು ಮರಳಿ ಕೂರಿಸಬೇಕು. ಪ್ಲಸ್ ವೈರನ್ನು ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯಲ್ಲಿ ಮೊದಲೇ ಇರುವ ರಬ್ಬರ್ ಬಿರಡೆಯ ಮೂಲಕ ಒಳಗೆ ತರಬೇಕು. ಬರಿ ತಗಡಿನ ಅಂಚಿಗೆ ತಾಗಿಕೊಂಡ ವೈರ್ ನಮ್ಮ ರಸ್ತೆಗಳ ಕುಲುಕಾಟಕ್ಕೆ ತಿಂಗಳೊಪ್ಪತ್ತಿನಲ್ಲಿ ಸಿಪ್ಪೆ ಸುಲಿಸಿಕೊಳ್ಳುತ್ತದೆ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಎಬ್ಬಿಸಿ ಅದರಡಿಯಲ್ಲಿ ವೈರ್ ಹಾಯಿಸುವಾಗ ಹಳದಿ ಹೊದಿಕೆಯ ವೈರ್ ಕಂಡರೆ ಅದನ್ನು ಮುಟ್ಟಬಾರದು, ಅದು ಏರ್‌ಬ್ಯಾಗಿನದು.

ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಇದರಲ್ಲಿ ರಾಜಿಯೇ ಇಲ್ಲ. ಆಂಪ್ಲಿಫೈಯರ್‌ನಲ್ಲಿಯೇ ಫ್ಯೂಸ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದು ಕಾಯುವುದು ಆಂಪ್ಲಿಫೈಯರನ್ನು, ಬ್ಯಾಟರಿಯ ಬಳಿಯದು ಕಾಯುವುದು ಇಡೀ ಕಾರಿನುದ್ದ ಹಾದುಹೋಗುವ ವೈರನ್ನು. ನಡುದಾರಿಯಲ್ಲಿ ಎಲ್ಲಿಯಾದರೂ ವೈರ್ ಕಾರಿನ ತಗಡಿಗೆ ತಾಗಿದರೆ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಅದರ ಮೂಲಕ ಸುರಿಯುತ್ತದೆ, ಆಂಪ್ಲಿಫೈಯರ್‌ನ ಫ್ಯೂಸ್‌ಗೆ ಅದರ ಅರಿವೇ ಆಗುವುದಿಲ್ಲ. ನಮ್ಮ ಲೆಕ್ಕದ 45 ಆಂಪಿಯರ್‌ಗೆ 60 ಆಂಪಿಯರ್‌ನ ಫ್ಯೂಸ್ ಸರಿಯಾಗುತ್ತದೆ.

ಅರ್ಥಿಂಗ್, ಅಂದರೆ ಆಂಪ್ಲಿಫೈಯರ್‌ನ ಮೈನಸ್ ವೈರನ್ನು ಕಾರಿನ ತಗಡಿಗೆ ಸೇರಿಸುವುದು ಕೂಡ ಇಷ್ಟೇ ಮುಖ್ಯ. ನನ್ನ ಭಾವನ ಕಾರಿಗೆ ಮೊದಲ ಸಲ ಆಂಪ್ಲಿಫೈಯರ್ ಹಾಕಿದಾಗ ಅರ್ಥ್ ವೈರನ್ನು ಬಣ್ಣದ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದೆ. ಹುಮನಾಬಾದ್ ರಸ್ತೆಯಲ್ಲಿ ಎಕ್ಸಲರೇಟರ್ ಒತ್ತಿದಂತೆಲ್ಲ ಸ್ಪೀಕರ್‌ನಲ್ಲಿ ಕುಂಯ್ ಎಂಬ ಸದ್ದು ಏರುತ್ತಿತ್ತು. ಡಿಕ್ಕಿ ತೆರೆದು ಬೋಲ್ಟ್ ಮುಟ್ಟಿದರೆ ಬೆರಳು ಚುರ್ ಎಂದಿತು, ವೈರಿನ ಕರಿಯ ಸಿಪ್ಪೆ ಮೆತ್ತಗಾಗಿ ಅಂಟುತ್ತಿತ್ತು. ಅಂದಿನಿಂದ ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ತಗಡು ಬೆಳ್ಳಗೆ ಹೊಳೆದ ಮೇಲೆಯೇ ವೈರಿನ ತುದಿಯ ಲೋಹದ ಬಳೆಯನ್ನು (ಲಗ್) ಕೂರಿಸುತ್ತೇನೆ. ಬಿಗಿದಾದ ಮೇಲೆ ತುಕ್ಕು ಹಿಡಿಯದಂತೆ ಮೇಲಿಂದ ಗ್ರೀಸ್ ಬಳಿಯುತ್ತೇನೆ. ಅರ್ಥ್ ವೈರ್ ಪ್ಲಸ್ ವೈರಿನಷ್ಟೇ ದಪ್ಪವಿರಬೇಕು, ಉದ್ದ ಅರ್ಧ ಮೀಟರ್ ಮೀರಬಾರದು. ಹೊಸ ರಂಧ್ರ ಕೊರೆಯಲೇಬೇಕಾದರೆ ಕಾರಿನ ಕೆಳಗೆ ಬಗ್ಗಿ ನೋಡದೆ ಡ್ರಿಲ್ ಹಿಡಿಯಬಾರದು, ಏಕೆಂದರೆ ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೇ ಇರುತ್ತದೆ.

ಸ್ಟೀರಿಯೊದ ಹಿಂಭಾಗದಿಂದ ಎರಡು ಸಂಗತಿ ಡಿಕ್ಕಿಗೆ ಬರಬೇಕು: ಧ್ವನಿಯನ್ನು ತರುವ ಆರ್‌ಸಿಎ ಕೇಬಲ್, ಮತ್ತು ಸ್ಟೀರಿಯೊ ಚಾಲೂ ಆದಾಗ ಆಂಪ್ಲಿಫೈಯರನ್ನು ಎಬ್ಬಿಸುವ ತೆಳ್ಳನೆಯ ರಿಮೋಟ್ ವೈರ್. ಹೊರಗಿನಿಂದ ಕೊಂಡ ಸ್ಟೀರಿಯೊಗಳಲ್ಲಿ ಇದು ಹೆಚ್ಚಾಗಿ ಬಿಳಿ ಪಟ್ಟೆಯ ನೀಲಿ ವೈರ್ ಆಗಿರುತ್ತದೆ. ಆರ್‌ಸಿಎ ಕೇಬಲನ್ನು ಪ್ಲಸ್ ವೈರಿನ ಜೊತೆಯಲ್ಲಿ ಹಾಯಿಸದೆ ಕಾರಿನ ಇನ್ನೊಂದು ಮಗ್ಗುಲಿನಿಂದ ತಂದರೆ ಅನಗತ್ಯ ಗುಂಯ್‌ಗುಡುವಿಕೆ ತಪ್ಪುತ್ತದೆ. ಕಂಪನಿಯ ಸ್ಟೀರಿಯೊದಲ್ಲಿ ಆರ್‌ಸಿಎ ಕಿಂಡಿ ಇಲ್ಲದಿದ್ದರೆ ಸ್ಪೀಕರ್ ವೈರಿನಿಂದಲೇ ಧ್ವನಿಯನ್ನು ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಕೊಳ್ಳಬೇಕು. ವಾರಂಟಿ ಮುಗಿಯದ ಕಾರಿನಲ್ಲಿ ವೈರ್ ಕತ್ತರಿಸಿ ಸುತ್ತುವ ಬದಲು, ಕತ್ತರಿಸದೆ ಸಿಕ್ಕಿಸಿ ಜೋಡಿಸುವ ಕಪ್ಲರ್ ಬಳಸುವುದು ಕ್ಷೇಮ.

ಆಂಪ್ಲಿಫೈಯರನ್ನು ವೂಫರ್ ಪೆಟ್ಟಿಗೆಯ ಮೇಲೆ ಮೊಳೆಯಿಂದ ಕೂರಿಸುವುದು ನೋಡಲು ಚೆಂದ, ಆದರೆ ಸದಾ ಅದುರುವ ಹಲಗೆಯ ಮೇಲೆ ಅದರ ಒಳಗಿನ ಬೆಸುಗೆಗಳು ಬಾಳುವುದಿಲ್ಲ. ಹಿಂದಿನ ಸೀಟಿನ ಬೆನ್ನಿಗೆ ಹಲಗೆ ಹೊಡೆದು ಅಲ್ಲಿ ಕೂರಿಸಿ, ಸುತ್ತಲೂ ಎರಡು ಇಂಚಿನಷ್ಟು ಗಾಳಿಯಾಡಲು ಬಿಡಿ. ಪೆಟ್ಟಿಗೆಯನ್ನು ಬೆಲ್ಟಿನಿಂದ ಬಿಗಿಯಲೇಬೇಕು. 15 ಕಿಲೋ ತೂಕದ ವಸ್ತು ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ.

ಹೊಂದಿಸುವ ಕೆಲಸ ತಾಳ್ಮೆಯದು. ಕೆಳಗಿನ ಸ್ವರಗಳನ್ನಷ್ಟೇ ವೂಫರಿಗೆ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ, ಬಾಸ್ ಬೂಸ್ಟ್ ಸೊನ್ನೆಗೆ ಇರಲಿ. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸುವ ಗೇನ್ ಎಂಬ ತಿರುಗುಗುಂಡಿಯನ್ನು ಸದ್ದು ಹೆಚ್ಚಿಸುವ ಗುಂಡಿಯೆಂದು ತಿಳಿದು ಪೂರ್ತಿ ತಿರುಗಿಸುವುದರಿಂದಲೇ ಎಷ್ಟೋ ವೂಫರ್‌ಗಳ ಕಾಯಿಲ್ ಸುಡುತ್ತವೆ. ವೂಫರಿನ ವೈರ್ ಬಿಚ್ಚಿ, ಗೇನನ್ನು ಪೂರ್ತಿ ಕೆಳಗಿಳಿಸಿ, ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲಿಗಿಟ್ಟು 50 ಹರ್ಟ್ಸ್‌ನ ಪರೀಕ್ಷಾ ಸ್ವರ ನುಡಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, ಗೇನನ್ನು ಮೆಲ್ಲಗೆ ಏರಿಸುತ್ತ ಬನ್ನಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ನಿಲ್ಲಬೇಕಾದ ಜಾಗ ತಿಳಿಯುತ್ತದೆ: 500 ವ್ಯಾಟ್, 2 ಓಮ್‌ಗೆ 31.6 ವೋಲ್ಟ್. ವೂಫರ್ ಅಷ್ಟು ಆರ್‌ಎಂಎಸ್ ತಾಳದಿದ್ದರೆ ಅದರ ವ್ಯಾಟನ್ನೇ ಲೆಕ್ಕಕ್ಕೆ ಹಿಡಿಯಬೇಕು. ವೂಫರ್ ಮರಳಿ ಜೋಡಿಸಿದ ಬಳಿಕ ಚಾಲಕನ ಸೀಟಿನಲ್ಲಿ ಕುಳಿತು, ಕೋನ್ ಆಡುವ ದಿಕ್ಕನ್ನು ಅದಲುಬದಲು ಮಾಡುವ ಫೇಸ್ ಸ್ವಿಚ್ಚನ್ನು ಎರಡೂ ಕಡೆ ಬದಲಿಸಿ ಕೇಳಿ, ಬಾಸ್ ತುಂಬಿ ಬರುವ ಕಡೆಗೆ ಬಿಡಬೇಕು.

ಒಂದು ತಾಸು ಹಾಡು ಕೇಳಿದ ಮೇಲೆ ಫ್ಯೂಸ್ ಹೋಲ್ಡರ್, ಅರ್ಥ್ ಬೋಲ್ಟ್ ಮತ್ತು ಟರ್ಮಿನಲ್‌ಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದೆಗೆಯುವಷ್ಟು ಸುಟ್ಟರೆ ಜೋಡಣೆ ಸಡಿಲವಿದೆ. ಮಾರನೆಯ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಬೇಕು. 12.6ರ ಸುತ್ತ ಇದ್ದರೆ ಚಿಂತೆಯಿಲ್ಲ. 12ಕ್ಕೆ ಇಳಿದಿದ್ದರೆ, ರಿಮೋಟ್ ವೈರನ್ನು ಸದಾ ಕರೆಂಟ್ ಇರುವ ವೈರಿಗೆ ಸೇರಿಸಿದ್ದೀರೇ ಎಂದು ಮೊದಲು ಪರೀಕ್ಷಿಸಿ, ಏಕೆಂದರೆ ಆಗ ಆಂಪ್ಲಿಫೈಯರ್ ರಾತ್ರಿಯಿಡೀ ಎಚ್ಚರವಾಗಿಯೇ ಇರುತ್ತದೆ. ವಾರ ಕಳೆದ ಮೇಲೆ ಎಲ್ಲ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಬೇಸಿಗೆ ಕಾಲಿಡುವ ಮುನ್ನ ಆಂಪ್ಲಿಫೈಯರ್‌ನ ರೆಕ್ಕೆಗಳ ನಡುವೆ ಕುಳಿತ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ.